ಬೀಗರು ಮೊದಲು ಇಳಿಯಲಿ

ಬೀಗರ ಜೊತೆ ಪ್ರವಾಸ ಹೋದವರು ತಮಾಷೆಯನ್ನು ಹುಡುಕಬೇಕಾಗಿಲ್ಲ, ಅದೇ ಮನೆ ಹುಡುಕಿಕೊಂಡು ಬರುತ್ತದೆ. ಆದರೆ ನಡೆಯುವ ಹೊತ್ತಿಗೆ ನಗು ಬರುವುದಿಲ್ಲ, ಬೆವರು ಬರುತ್ತದೆ. ನಗು ಬರುವುದು ಊರಿಗೆ ಬಂದು, ಚಪ್ಪಲಿ ಬಿಟ್ಟು, ಒಂದು ತಂಬಿಗೆ ನೀರು ಕುಡಿದು ಕುಂತ ಮೇಲೆ. ನಾನೀಗ ಹಾಗೆ ಕುಂತಿದ್ದೇನೆ.

೧. ಹೊಳೆ ದಾಟುವ ಗಂಡಸು

ಮಾನ್ವಿಯಲ್ಲಿ ನನ್ನದು ಕಬ್ಬಿಣದ ಸಾಮಾನಿನ ಅಂಗಡಿ. ಮನೆ ಮಾತ್ರ ಚೀಕಲಪರ್ವಿಯಲ್ಲಿ, ತುಂಗಭದ್ರೆಯ ದಂಡೆಗೆ. ಬೀಗರು ದೇವದುರ್ಗದ ಹತ್ತಿ ವ್ಯಾಪಾರಿ. ಮಗಳ ಸಂಬಂಧ ಕುದುರಿಸಿದ ನಮ್ಮೂರ ಹಿರಿಯರೊಬ್ಬರು ಮಾತಿನ ಭರದಲ್ಲಿ ಬೀಗರ ಮುಂದೆ, "ಹುಡುಗಿ ಅಪ್ಪ ಅಂದ್ರ ಸಾಮಾನ್ಯ ಮನಷ್ಯಾ ಅಲ್ರೀ, ತುಂಬಿದ ಹೊಳಿ ಈಜಿ ದಾಟ್ತಾನ" ಅಂದುಬಿಟ್ಟರು.

ನನಗೆ ಈಜು ಬರುವುದಿಲ್ಲ. ಹೊಳೆಯಲ್ಲಿ ಮೊಸಳೆ ಅದಾವೆಂದು ನಮ್ಮವ್ವ ನನ್ನನ್ನು ಮೊಣಕಾಲಿಗಿಂತ ಮೇಲಿನ ನೀರಿಗೆ ಬಿಟ್ಟವಳೇ ಅಲ್ಲ. ಆದರೆ ಮದುವೆ ಮಾತು ನಡೆಯುವಾಗ ಹಿರಿಯರಿಗೆ ಎದುರಾಡಲು ಬರುತ್ತದೆಯೇ? ಮೀಸೆಯ ಮೇಲೆ ಕೈ ಇಟ್ಟು ಸುಮ್ಮನೆ ಕುಂತೆ.

ಮದುವೆ ಚೆಂದವಾಗಿ ಆಯಿತು. ಆದರೆ ಅಂದಿನಿಂದ ಬೀಗರು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಾನ್ವಿಯ ಅಂಗಡಿಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ಹೊಟ್ಟೆ ತುಂಬ ನಗುತ್ತಾರೆ. "ಊಟಕ್ಕ ಮನಿಗೆ ಬರ್ರಿ" ಅಂದ ಕೂಡಲೇ ಹತ್ತಿ ಸೀಸನ್ ಬರುತ್ತದೆ, ಇಲ್ಲವೇ ಹಲ್ಲುನೋವು, ಅದೂ ಇಲ್ಲದಿದ್ದರೆ ಅಮಾವಾಸ್ಯೆ. ನನ್ನ ಹೆಂಡತಿಗೆ ಇದೇ ಚಿಂತೆ. "ಮದುವ್ಯಾಗ ನಮ್ಮಿಂದ ಏನ ತಪ್ಪಾತೋ ಏನೋ. ನಾಳೆ ಮಗಳಿಗೆ ಒಂದು ಮಾತು ಬಂದ್ರ ಹೆಂಗ?" ಅನ್ನುತ್ತ ಕೊರಗುತ್ತಿದ್ದಳು. ನನಗೂ ಒಳಗೊಳಗೇ ಅದೇ ಭಯ. ತಪ್ಪು ಹುಡುಕಿ ಹುಡುಕಿ ಕಡೆಗೆ ಆಕೆ ಒಂದು ತೀರ್ಮಾನಕ್ಕೆ ಬಂದಳು: ಮದುವೆಯ ಮೈಸೂರಪಾಕು ಗಟ್ಟಿಯಾಗಿತ್ತು. ಕಬ್ಬಿಣದ ಅಂಗಡಿಯವನ ಮನೆಯ ಮೈಸೂರಪಾಕು ಇನ್ನು ಹೇಗಿರಬೇಕು?

೨. ಹಲಗೆಯ ಮೇಲೆ ಮರ್ಯಾದೆ

ರಾಯಚೂರಿನಲ್ಲಿ ಕೆಲಸಕ್ಕಿರುವ ಅಳಿಯ ಎರಡೂ ಮನೆಯವರನ್ನು ಅಂಡಮಾನಿಗೆ ಹೊರಡಿಸಿದ. "ಅಲ್ಲ್ಯಾದ್ರೂ ಬೀಗರ ಮನಸ್ಸಿನ್ಯಾಗ ಏನದ ತಿಳ್ಕೋರಿ" ಎಂದು ಹೆಂಡತಿ ನನಗೆ ತಾಕೀತು ಮಾಡಿದಳು.

ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಹಡಗು ಹತ್ತಲು ಕಿರಿದಾದ ಹಲಗೆ. ನಾನು ಪಕ್ಕಕ್ಕೆ ಸರಿದು, "ಹತ್ರಿ ಬೀಗರ, ನೀವು ಮೊದಲ" ಅಂದೆ.

"ಛೇ ಛೇ, ಹೆಣ್ಣು ಕೊಟ್ಟವರು ನೀವು. ನೀವು ಮೊದಲ."

"ಗಂಡಿನವರ್ನ ಹಿಂದ ಬಿಟ್ಟು ನಾ ಹೆಂಗ ಹತ್ತಲ್ರೀ?"

ಹಿಂದೆ ಸಾಲು ಬೆಳೆಯಿತು. ಹಡಗು ಎರಡು ಸಲ ಕೂಗಿತು. ಹಡಗಿನವನೊಬ್ಬ ಓಡಿ ಬಂದು, ಯಾರಿಗಾದರೂ ಆರಾಮಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ಬೀಗರು ತಮ್ಮ ಮಾರ್ಕೆಟ್ಟಿನ ದಖನಿ ಉರ್ದುವಿನಲ್ಲಿ, "ನೈ ಬಾ, ಹಮೇ ಬೀಗರಾ ಹೈ" ಅಂದರು.

ಆತನಿಗೆ ಏನು ತಿಳಿಯಿತೋ, ಇಬ್ಬರ ಬೆನ್ನ ಮೇಲೂ ಒಂದೊಂದು ಕೈ ಇಟ್ಟು ಒಮ್ಮೆಲೇ ಒಳಗೆ ನೂಕಿದ. ನೋಡಿದರೆ ನಮ್ಮ ಹೆಂಡಂದಿರು ಆಗಲೇ ಕಿಟಕಿ ಸೀಟು ಹಿಡಿದು ಅರ್ಧ ಡಬ್ಬಿ ಚಕ್ಕುಲಿ ಮುಗಿಸಿದ್ದರು.

೩. ಮಳೆ ಕಂಡು ಮರುಕ

ದ್ವೀಪದಲ್ಲಿ ಎಲ್ಲಿ ನೋಡಿದರೂ ಕಾಡು, ಕಾಡಿನ ತುಂಬ ಮಳೆ. ಹೆಂಡತಿ ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿ ಎರಡನೆಯ ದಿನಕ್ಕೇ ಕರವಸ್ತ್ರದ ಹಾಗೆ ಮಡಚಲು ಬರತೊಡಗಿತು. ಬೀಗರು ಒಗೆದು ಹಾಕಿದ ಧೋತರ ಒಣಗುವ ಸುದ್ದಿಯೇ ಇಲ್ಲ. "ನಮ್ಮ ದೇವದುರ್ಗದಾಗ ಒಂದು ಕಪ್ ಚಾ ಕುಡಿಯೂದ್ರಾಗ ಒಣಗಿ ಹಪ್ಪಳ ಆಗ್ತಿತ್ತು" ಎಂದು ದಿನಕ್ಕೊಮ್ಮೆ ಅದನ್ನು ಮುಟ್ಟಿ ನೋಡುತ್ತಿದ್ದರು.

ಕಾಡು ತೋರಿಸಲು ಬಂದವನು, ಇಲ್ಲಿ ವರ್ಷದ ಬಹುಪಾಲು ಮಳೆಯೇ ಎಂದು ಹೆಮ್ಮೆಯಿಂದ ಹೇಳಿದ. ಆಕಾಶವೇ ಕಾಣದಷ್ಟು ಎತ್ತರದ ಮರಗಳು. ನಾವೆಲ್ಲ ಬಾಯಿ ತೆರೆದು ನೋಡುತ್ತಿದ್ದರೆ ಬೀಗರು ಕೆಳಗೆ ಮಣ್ಣನ್ನು ನೋಡುತ್ತಿದ್ದರು.

"ಹಂಗಾರ ಇಲ್ಲಿ ಹತ್ತಿ ಹೆಂಗ ಬೆಳೀತಾರ?"

ಹತ್ತಿ ಬೆಳೆಯುವುದಿಲ್ಲ ಎಂದು ಆತ ಹೇಳಿದ. ಬೀಗರ ಮುಖ ಬಾಡಿತು. ಆತನ ಭುಜ ತಟ್ಟಿ, "ಪಾಪ, ಎಷ್ಟ ಮಳಿ ಬಂದ್ರ ಏನ ಬಂತು!" ಅಂದರು.

೪. ಮೊಸಳೆಯ ಉಪಕಾರ

ಮರುದಿನ ಸಮುದ್ರದ ತಳಕ್ಕೆ ಇಳಿಯುವ ಕಾರ್ಯಕ್ರಮ ಎಂದು ಅಳಿಯ ಹೇಳಿದಾಗಿನಿಂದ ನಾನು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದೆ. ಸಂಜೆ ದಂಡೆಯ ಮೇಲೆ ತಿರುಗಾಡುವಾಗ ಒಂದು ಬೋರ್ಡು ಕಂಡಿತು. ಬಾಯಿ ತೆರೆದ ಮೊಸಳೆಯ ಚಿತ್ರ, ಕೆಳಗೆ ನೀರಿಗೆ ಇಳಿಯಬೇಡಿ ಎಂಬ ಎಚ್ಚರಿಕೆ. ಸತ್ತುಹೋದ ನಮ್ಮವ್ವನೇ ಬಂದು ನಿಂತಂತಾಯಿತು. "ಅಯ್ಯಯ್ಯ, ಮೊಸಳಿ ಅದಾವಂತ! ಇಲ್ಲಂದ್ರ ನಾಳೆ ಇಳೀತಿದ್ದೆ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ.

ಬೀಗರು ನನಗಿಂತ ಜೋರಾಗಿ, "ಹೌದ್ ನೋಡ್ರಿ, ಎಂಥಾ ಕೆಲಸ ಆತು!" ಅಂದರು. ಅವರ ದನಿಯಲ್ಲಿ ಇಷ್ಟು ಸಂತೋಷ ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ಅಳಿಯ ನಕ್ಕು, "ಮಾವಾರ, ಅದು ಈ ಹಳ್ಳದ ಬಾಯಾಗ ಮಾತ್ರ. ನಾವು ಹೋಗೂ ಕಡೆ ಒಂದೂ ಇಲ್ಲ" ಅಂದ. ಮೊಸಳೆ ಇಲ್ಲವೆಂದು ಕೇಳಿ ಊಟ ಬಿಟ್ಟವನು ನಾನೊಬ್ಬನೇ ಇರಬೇಕು ಅಂದುಕೊಂಡಿದ್ದೆ. ರಾತ್ರಿ ನೋಡಿದರೆ ಬೀಗರೂ ಉಂಡಿರಲಿಲ್ಲ.

೫. ತಳಕ್ಕೆ ಹೋದವರು, ಮೇಲೆ ಕುಂತವರು

ದೋಣಿಯಲ್ಲಿ ಕಡೆಯ ಆಸೆಯಾಗಿ, "ಈಜು ಬರದವರಿಗೆ ತ್ರಾಸ ಆಗಬಹುದಲ್ಲ?" ಎಂದು ಇಳಿಸುವ ಹುಡುಗರನ್ನು ಕೇಳಿದೆ. ಈಜು ಬೇಕಾಗಿಲ್ಲ, ನಾವು ಹಿಡಿದುಕೊಂಡಿರುತ್ತೇವೆ ಅಂದರು. ಬಿಪಿ ಹೆಚ್ಚಿದ್ದವರನ್ನು ಇಳಿಸುವುದಿಲ್ಲವಂತೆ, ಅದಾದರೂ ಕೈಹಿಡಿಯಲಿ ಎಂದು ಬೆಳಗ್ಗೆಯೇ ಉಪ್ಪಿನಕಾಯಿ ತಿಂದು ಬಂದಿದ್ದೆ. ಮಷೀನು ಹಚ್ಚಿ ನೋಡಿದರೆ ನಾರ್ಮಲ್. ಬೀಗರದೂ ನಾರ್ಮಲ್. ಅವರ ಬಾಯಿಂದಲೂ ಉಪ್ಪಿನಕಾಯಿಯ ವಾಸನೆ ಬರುತ್ತಿತ್ತು.

ಮಗಳು, ಅಳಿಯ ಆಗಲೇ ನೀರಿಗೆ ಇಳಿದಾಗಿತ್ತು. ಈಗ ಉಳಿದ ದಾರಿ ಒಂದೇ.

"ಇಳೀರಿ ಬೀಗರ, ನೀವು ಮೊದಲ."

"ಹೊಳಿ ದಾಟೂ ಮಂದಿ ನೀವು, ನೀವು ಇಳೀರಿ."

"ನೀವು ಮ್ಯಾಲ ಕುಂತಾಗ ನಾ ಕೆಳಗ ಹೋಗೂದು ಮರ್ಯಾದಿ ಅಲ್ರೀ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಬೀಗಿತಿ ಎದ್ದು, "ಇವರ ಮರ್ಯಾದಿ ಮುಗಿಯೂದ್ರಾಗ ನಾವು ಹೋಗಿ ಬರೂನು ಬರ್ರಿ ಯಕ್ಕಾ" ಎಂದು ನನ್ನ ಹೆಂಡತಿಯ ಕೈ ಹಿಡಿದರು. ಇಬ್ಬರೂ ರಬ್ಬರಿನ ಅಂಗಿ ತೊಟ್ಟು, ಬೆನ್ನಿಗೆ ಸಿಲಿಂಡರ್ ಕಟ್ಟಿಸಿಕೊಂಡು, ನಮ್ಮ ಕಡೆ ತಿರುಗಿಯೂ ನೋಡದೆ ಇಳಿದೇ ಬಿಟ್ಟರು.

ನೀರಿನ ಮೇಲೆ ಗುಳ್ಳೆಗಳಷ್ಟೇ ಉಳಿದವು. ಬೀಗರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ದನಿ ತಗ್ಗಿಸಿ ಹೇಳಿದರು:

"ಬೀಗರ, ಒಂದು ಮಾತು. ನನಗ ನೀರಂದ್ರ ಜೀವ ಹಾರ್ತದ. ಅದಕ್ಕ ನಿಮ್ಮ ಮನಿಗೆ ಬಂದಿಲ್ಲ."

"ಅಂದ್ರ?"

"ಊಟ ಆದ ಮ್ಯಾಲ ನೀವು 'ಬರ್ರಿ ಬೀಗರ, ಹೊಳ್ಯಾಗ ಒಂದು ಸುತ್ತು ಈಜಿ ಬರೂನು' ಅಂದ್ರ ಏನ ಮಾಡ್ಲಿ? ಒಲ್ಲೆ ಅಂದ್ರ ಮರ್ಯಾದಿ ಹೋಗ್ತದ, ಇಳದ್ರ ಜೀವ ಹೋಗ್ತದ."

"ಹಂಗಾರ ಮೈಸೂರಪಾಕು?" ಅಂದೆ.

"ಯಾವ ಮೈಸೂರಪಾಕು?"

ಎದೆಯ ಮೇಲಿಂದ ಒಂದು ಗುಂಡುಕಲ್ಲು ಇಳಿದ ಹಾಗಾಯಿತು. ನನಗೂ ಈಜು ಬರುವುದಿಲ್ಲವೆಂದು ಹೇಳಿದೆ. ಬೀಗರು ನನ್ನನ್ನೇ ನೋಡಿದರು. ಆಮೇಲೆ ಇಬ್ಬರೂ ಎಷ್ಟು ನಕ್ಕೆವೆಂದರೆ ದೋಣಿ ಅಲುಗಾಡಿತು. ಅಲುಗಾಡಿದ ಕೂಡಲೇ ನಗು ನಿಲ್ಲಿಸಿ ಕಂಬ ಹಿಡಿದೆವು.

ಹೆಂಡಂದಿರು ಮೇಲೆ ಬಂದರು. ಮುಖ ಅರಳಿತ್ತು. ಕೆಳಗೆ ಏನು ಕಂಡಿರಿ ಎಂದು ಕೇಳಿದರೆ ನನ್ನ ಹೆಂಡತಿ, "ಮೀನ ಇರ್ಲಿ ಬಿಡ್ರಿ. ಅಲ್ಲಿ ಯಾರೂ ಮಾತಾಡಂಗಿಲ್ಲ, ಭಾಳ ಆರಾಮ" ಅಂದಳು.

೬. ಮತ್ತೆ ಹಿರಿಯರು

ಊರಿಗೆ ಮರಳಿದ ವಾರದಲ್ಲೇ ಬೀಗರು ತಾವಾಗಿ ಚೀಕಲಪರ್ವಿಗೆ ಊಟಕ್ಕೆ ಬಂದರು. ಹೆಂಡತಿ ಅಳುತ್ತ ಬಡಿಸಿದಳು, ಅವರು ನಗುತ್ತ ಉಂಡರು. ಊಟವಾದ ಮೇಲೆ ಇಬ್ಬರೂ ಹೊಳೆಗೆ ಬೆನ್ನು ಹಾಕಿ ಕಟ್ಟೆಯ ಮೇಲೆ ನಿಶ್ಚಿಂತೆಯಿಂದ ಕುಂತೆವು.

ಆಗ ಬಂದರು ನಮ್ಮೂರ ಅದೇ ಹಿರಿಯರು. ಬೀಗರ ಎರಡನೆಯ ಮಗನಿಗೂ ಅವರೇ ಹೆಣ್ಣು ನೋಡುತ್ತಿದ್ದರು. ಜೊತೆಯಲ್ಲಿ ಅರಕೇರಾದಿಂದ ಬಂದಿದ್ದ ಹುಡುಗಿಯ ಅಪ್ಪ. ಹಿರಿಯರು ಬೀಗರ ಕಡೆ ಕೈ ಮಾಡಿ, "ಹುಡುಗನ ಅಪ್ಪ ಅಂದ್ರ ಸಾಮಾನ್ಯ ಮನಷ್ಯಾ ಅಲ್ರೀ, ಸಮುದ್ರದ ತಳ ಮುಟ್ಟಿ ಬಂದಾನ" ಅಂದರು.

ನಾನು ಬೀಗರ ಕಡೆ ನೋಡಿದೆ. ಬೀಗರು ಮೀಸೆಯ ಮೇಲೆ ಕೈ ಇಟ್ಟು ಸುಮ್ಮನೆ ಕುಂತರು.

ಅರಕೇರಾದವರ ಮುಖ ಸಣ್ಣದಾಯಿತು. ಕುರ್ಚಿಯನ್ನು ಹೊಳೆಯಿಂದ ಒಂದಿಷ್ಟು ದೂರ ಎಳೆದುಕೊಂಡು ಮೆಲ್ಲಗೆ, "ದೇವದುರ್ಗದಾಗ ನಿಮ್ಮ ಮನಿ ಹತ್ರ ಹೊಳಿ ಗಿಳಿ ಏನೂ ಇಲ್ಲಲ್ರೀ?" ಅಂದರು.

ಬೀಗರು ತಟ್ಟನೆ ಎದ್ದು ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. "ಏನೂ ಇಲ್ರೀ, ನಳದ ನೀರೂ ಸರಿಯಾಗಿ ಬರಂಗಿಲ್ಲ. ನೀವು ಧೈರ್ಯಲೆ ಊಟಕ್ಕ ಬರ್ರಿ."