ಒಂದು ಬದುಕಿದ್ದರೆ ಐದೂ ಬದುಕಿದ್ದಂತೆ

ನನ್ನ ತಂಗಿ ವನಜ ನನಗೆ ಒಂದೇ ಒಂದು ಕೆಲಸ ಹೇಳಿದ್ದಳು. ಕಂಪ್ಯೂಟರಿನ ಐದು ಕನೆಕ್ಷನ್‌ಗಳು ಜೀವಂತವಾಗಿವೆಯೇ ಎಂದು ಒಂದೊಂದನ್ನೂ ಕೇಳಬೇಕು. ನಾನು ಒಂದನ್ನು ಕೇಳಿದೆ. ಉಳಿದ ನಾಲ್ಕನ್ನು ಕೇಳಲಿಲ್ಲ. ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಬರಹವೇ ಎಂದು ನೀವು ಹುಬ್ಬೇರಿಸಬಹುದು. ಸ್ವಲ್ಪ ತಾಳಿ!

ತೊಂಬತ್ತರ ದಶಕದ ಕೊನೆಯ ಮಾತು. ನಾನು ಏಳನೇ ಕ್ಲಾಸಿನ ಗಡಿ ದಾಟದ ಮನುಷ್ಯ. ಆದರೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ನನಗೊಂದು ಹೆಸರಿತ್ತು. ರೈತ ಸುರಿದ ರೇಷ್ಮೆಗೂಡಿನ ರಾಶಿಗೆ ಕೈ ಹಾಕಿ, ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಅಮುಕಿ ನೋಡಿದರೆ ಇಡೀ ರಾಶಿಯ ಜಾತಕ ಹೇಳಿಬಿಡುತ್ತಿದ್ದೆ. ನಾನು ಹಿಡಿ ನೋಡಿ ಕೊಂಡ ರಾಶಿ ನೂಲು ತೆಗೆಯುವಾಗ ಕೈಕೊಟ್ಟಿದ್ದು ಇಲ್ಲವೇ ಇಲ್ಲ. ಈ ಹೆಮ್ಮೆಯೇ ಮುಂದಿನ ಎಲ್ಲ ಅನಾಹುತಕ್ಕೆ ಮೂಲ ಕಾರಣ.

ವನಜ ನನ್ನ ಹಾಗಲ್ಲ. ಕಂಪ್ಯೂಟರ್ ಕಲಿತು, ಊರಿನ ಒಂದು ರೇಷ್ಮೆ ಮೊಟ್ಟೆ ಕೇಂದ್ರಕ್ಕೆ ಪ್ರೋಗ್ರಾಮ್ ಬರೆದಿದ್ದಳು. ಯಾವ ರೈತನಿಗೆ ಎಷ್ಟು ಮೊಟ್ಟೆ, ಯಾವ ದಿನ ಮರಿಯಾಗುತ್ತದೆ, ಎಲ್ಲವೂ ಚಿಕ್ಕಬಳ್ಳಾಪುರದ ಮುಖ್ಯ ಕಚೇರಿಯ ದೊಡ್ಡ ಕಂಪ್ಯೂಟರಿನೊಳಗೆ. ಅದಕ್ಕೆ ಡೇಟಾಬೇಸ್ ಎಂದು ಹೆಸರು. ಅಲ್ಲಿಂದ ನಮ್ಮೂರಿನ ಐದು ಕೌಂಟರುಗಳಿಗೆ ಟೆಲಿಫೋನ್ ತಂತಿಯ ಮೇಲೆ ವಿಷಯ ಬರಬೇಕು. ಮೊದಲ ಹಂಚಿಕೆ ಸುಸೂತ್ರವಾಗಿ ಆದರೆ ವನಜಳಿಗೆ ಕಾಯಂ ಕೆಲಸ. ಆಗದಿದ್ದರೆ ಹಳೆಯ ಗುಮಾಸ್ತ ಕೃಷ್ಣಪ್ಪನವರ ರಿಜಿಸ್ಟರೇ ಕಾಯಂ. ಕೇಂದ್ರದ ಯಜಮಾನರು ಎಲ್ಲರ ಮುಂದೆ ಹಾಗೆಂದು ಹೇಳಿದ್ದರು.

ವನಜಳೇ ಯಜಮಾನರನ್ನು ಕೇಳಿ ನನ್ನನ್ನು ಸಹಾಯಕ್ಕೆ ಸೇರಿಸಿಕೊಂಡಳು.

"ನೋಡಣ್ಣ, ರೈತರು ಬಂದಾಗ್ಲೆಲ್ಲ ಹೊಸದಾಗಿ ಕನೆಕ್ಷನ್ ತೆಗೆದ್ರೆ ಒಂದೊಂದಕ್ಕೂ ಬಾಳ ಹೊತ್ತಾಗುತ್ತೆ. ಅದಕ್ಕೆ ಐದು ಕನೆಕ್ಷನ್ ಮೊದಲೇ ತೆಗೆದು ಇಟ್ಟಿರ್ತೀನಿ. ಕೌಂಟರ್‌ನೋರು ಒಂದು ತಗೊಳ್ತಾರೆ, ಕೆಲಸ ಮುಗಿಸಿ ವಾಪಸ್ ಇಡ್ತಾರೆ."

"ಮದುವೆ ಮನೆ ಪಾತ್ರೆ ಇದ್ದಂಗೆ," ಎಂದೆ.

"ಹೂಂ. ಆದ್ರೆ ಯಾವುದಾದ್ರೂ ಸುಮ್ನೆ ಕೂತಿದ್ರೆ ಆ ಕಡೆ ಕಂಪ್ಯೂಟರ್ ಅದನ್ನ ಕತ್ತರಿಸಿಬಿಡುತ್ತೆ. ಈ ಕಡೆ ನಮಗೆ ಇದ್ದಂಗೇ ಕಾಣುತ್ತೆ, ಜೀವ ಇರಲ್ಲ. ಅದಕ್ಕೆ ಗಂಟೆಗೊಂದು ಸಲ ಪರದೆ ಮೇಲೆ ಒಂದೊಂದರ ನಂಬರಿಗೂ ಹೋಗಿ ಈ ಬಟನ್ ಒತ್ತಬೇಕು. ಬದುಕಿದ್ರೆ 'ಇದ್ದೇನೆ' ಅಂತ ಬರುತ್ತೆ. ಬರ್ಲಿಲ್ಲ ಅಂದ್ರೆ ಅದನ್ನ ಕಿತ್ತು ಹೊಸದು ತೆಗೀಬೇಕು. ಪ್ರೋಗ್ರಾಮೇ ತಾನಾಗಿ ಕೇಳೋ ಹಂಗೆ ಆಮೇಲೆ ಬರೀತೀನಿ. ಅಲ್ಲೀವರ್ಗೂ ನೀನೇ ಕೇಳ್ಬೇಕು. ಐದನ್ನೂ."

"ಐದೇ ಯಾಕೆ, ಐವತ್ತು ಕೊಡು!" ಎಂದೆ.

ಹೀಗೆ ನಾನು ಕನೆಕ್ಷನ್‌ಗಳ ಯೋಗಕ್ಷೇಮ ವಿಚಾರಣಾಧಿಕಾರಿಯಾಗಿ ಅಧಿಕಾರ ಸ್ವೀಕರಿಸಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿದೆ. ಪರದೆಯಲ್ಲಿ ಒಂದನೇ ನಂಬರಿಗೆ ಹೋಗಿ ಬಟನ್ ಒತ್ತಿದೆ. 'ಇದ್ದೇನೆ' ಎಂದಿತು. ಆಹಾ! ಎರಡನೆಯದಕ್ಕೆ ಹೋಗುವ ಮುಂಚೆ ನನ್ನೊಳಗಿನ ಮಾರ್ಕೆಟ್ಟಿನ ಮನುಷ್ಯ ಎದ್ದು ಕೂತ. ಒಂದೇ ದಿನ ತೆಗೆದಿದ್ದು, ಒಂದೇ ತಂತಿ, ಒಂದೇ ಕಂಪ್ಯೂಟರ್. ಅಂದರೆ ಒಂದೇ ರಾಶಿ! ಹಿಡಿ ನೋಡಿದ್ದಾಯಿತು, ರಾಶಿ ಚೆನ್ನಾಗಿದೆ. ಗೂಡು ಒಂದೊಂದನ್ನೂ ಅಲ್ಲಾಡಿಸಿ ನೋಡುವವನನ್ನು ನಮ್ಮ ಮಾರ್ಕೆಟ್ಟಿನಲ್ಲಿ ಹುಚ್ಚ ಎನ್ನುತ್ತಾರೆ. ನಾನು ಎದ್ದು ಕಾಫಿಗೆ ಹೋದೆ.

ಮೂರು ದಿನ ಹೀಗೇ ನಡೆಯಿತು. ಆ ದಿನಗಳಲ್ಲಿ ಪರೀಕ್ಷೆಗೆಂದು ಒಂದೇ ಕೌಂಟರ್ ಓಡುತ್ತಿತ್ತು, ಅದಕ್ಕೆ ಸಿಗುತ್ತಿದ್ದುದೂ ಒಂದನೇ ಕನೆಕ್ಷನ್ನೇ. ಗಂಟೆಗೊಮ್ಮೆ ನಾನು ಹೋಗಿ ಮಾತಾಡಿಸುತ್ತಿದ್ದರಿಂದ ಅದು ಗುಂಡುಕಲ್ಲಿನ ಹಾಗಿತ್ತು. ಯಾರೂ ಮಾತಾಡಿಸದ ಉಳಿದ ನಾಲ್ಕು ಮೊದಲ ದಿನವೇ ಸತ್ತುಹೋಗಿದ್ದವು. ಅಂದರೆ ನಾನು ಕೇಳುತ್ತಿದ್ದೆ ಎಂಬ ಕಾರಣಕ್ಕೇ ಅದು ಬದುಕಿತ್ತು, ಅದು ಬದುಕಿತ್ತು ಎಂಬ ಕಾರಣಕ್ಕೆ ನಾನು ಉಳಿದವನ್ನು ಕೇಳಲಿಲ್ಲ! ಇಂಥ ಸುಳಿಗೆ ಸಿಕ್ಕಿಕೊಳ್ಳಲು ಏಳನೇ ಕ್ಲಾಸು ಧಾರಾಳ ಸಾಕು.

ಹಂಚಿಕೆಯ ದಿನ ಬಂತು. ಮೊಟ್ಟೆಯೊಳಗೆ ಹುಳುವಿನ ಕಪ್ಪು ಚುಕ್ಕಿ ಕಾಣಿಸಿಕೊಂಡಾಗಿತ್ತು, ಮರುದಿನವೇ ಮರಿ. ರೈತರು ಬಿಸಿಲೇರುವ ಮುಂಚೆ ಮೊಟ್ಟೆ ಅಂಟಿದ ಹಾಳೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಊರು ಸೇರಬೇಕು. ಚಿಂತಾಮಣಿ ಕಡೆಯವರು, ಮಂಚೇನಹಳ್ಳಿ ಕಡೆಯವರು ಮೊದಲ ಬಸ್ಸಿಗೇ ಬಂದು ಸಾಲು ನಿಂತಿದ್ದರು. ಯಜಮಾನರು ಹೊಸ ಶಲ್ಯ ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಕೃಷ್ಣಪ್ಪನವರು ರಿಜಿಸ್ಟರ್ ತಬ್ಬಿಕೊಂಡು ಮೂಲೆಯಲ್ಲಿದ್ದರು.

"ಅಣ್ಣ, ಐದೂ ಕೇಳ್ದಾ?" ವನಜ ಕೂಗಿದಳು.

"ಐದೂ ಗಟ್ಟಿಯಾಗವೆ ಕಣಮ್ಮ! ಶುರು ಮಾಡು!"

ಐದು ಕೌಂಟರಿನಲ್ಲೂ ಒಮ್ಮೆಗೇ ಹೆಸರು ಒತ್ತಿದರು. ಒಂದನೆಯದರಲ್ಲಿ ಮೊಟ್ಟೆಯ ಚೀಟಿ ಬಂತು. ಉಳಿದ ನಾಲ್ಕು ಪರದೆಗಳು ಕಲ್ಲಾದವು.

ಐದು ನಿಮಿಷವಾಯಿತು. ಹತ್ತಾಯಿತು. ರುಮಾಲಿನ ಹಿರಿಯ ರೈತರೊಬ್ಬರು ಪರದೆಯ ಗಾಜಿನೊಳಗೆ ಇಣುಕಿ, ತೆಲುಗು ಬೆರೆಸಿ ಕೇಳಿದರು.

"ಏಮಯ್ಯಾ ಇದಿ? ನಿದ್ದೆ ಮಾಡ್ತೈತಾ?"

"ಯೋಚನೆ ಮಾಡ್ತಾ ಐತೆ ತಾತ," ಎಂದೆ ಗಂಭೀರವಾಗಿ.

"ಅದು ಯೋಚನೆ ಮುಗಿಸೋ ಹೊತ್ತಿಗೆ ನನ್ನ ಮೊಟ್ಟೆ ಮರಿಯಾಗಿ, ಹುಳ ಬಲಿತು ಹಣ್ಣಾಗಿ, ಗೂಡು ಕಟ್ಟುತ್ತೆ!"

ಸಾಲಿಗೆ ಸಾಲೇ ನಕ್ಕಿತು. ವನಜ ಬೆವರು ಒರೆಸಿಕೊಳ್ಳುತ್ತ ಕೌಂಟರಿನಿಂದ ಕೌಂಟರಿಗೆ ಓಡುತ್ತಿದ್ದಳು. ಈ ಹಂತದಲ್ಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಟ್ಟೆ. ಆದರೆ ಹೇಳಿದ್ದು ಬೇರೆ.

"ಎಲ್ಲಾರೂ ಒಂದನೇ ಕೌಂಟರ್‌ಗೆ ಬನ್ರಪ್ಪೋ!"

ಬಂದರು! ಒಟ್ಟಿಗೇ ಬಂದರು! ಮೇಜು ಗೋಡೆಗೆ ಹೋಗಿ ತಾಗಿತು. ಶಾಯಿ ಪ್ಯಾಡು ಯಜಮಾನರ ಹೊಸ ಶಲ್ಯದ ಮೇಲೆ ಮೊಹರು ಒತ್ತಿತು. ಇನ್ನು ನಾನೇ ಸರಿಮಾಡಬೇಕೆಂದು ನಿಶ್ಚಯಿಸಿ, ಟೆಲಿಫೋನ್ ತಂತಿಗೆ ಸೇರಿಸಿದ್ದ, ದೀಪ ಮಿನುಗುವ ಪೆಟ್ಟಿಗೆಯ ಬಳಿ ಹೋದೆ. ನಮ್ಮ ಮನೆಯ ರೇಡಿಯೊ ಕೆಟ್ಟಾಗ ಆರಿಸಿ ಹಾಕಿದರೆ ಸರಿಹೋಗುತ್ತಿತ್ತು. ಆರಿಸಿದೆ. ಹಾಕಿದೆ.

ಬದುಕಿದ್ದ ಒಂದೇ ಒಂದು ಕನೆಕ್ಷನ್ನೂ ಸತ್ತಿತು.

ಕೃಷ್ಣಪ್ಪನವರು ಮೂಲೆಯಿಂದ ಎದ್ದು ಬಂದರು. ರಿಜಿಸ್ಟರ್ ತೆರೆದರು, ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿದರು, ಒಬ್ಬೊಬ್ಬರ ಹೆಸರನ್ನೂ ಕೂಗಿದರು. ಬಿಸಿಲೇರುವ ಮುಂಚೆ ಅಂಗಳ ಖಾಲಿ! ಯಜಮಾನರು ಶಲ್ಯ ಒದರುತ್ತ, "ನಿನ್ನ ಪ್ರೋಗ್ರಾಮ್ ಸರಿಯಿಲ್ಲಮ್ಮ, ತಪ್ಪು ಎಲ್ಲಿದೆ ಹುಡುಕು, ಆಮೇಲೆ ನೋಡೋಣ," ಎಂದರು. ವನಜ ತಲೆ ತಗ್ಗಿಸಿ ಹೂಂ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಣ್ಣ, ಐದನ್ನೂ ಕೇಳಿದ್ದೆ ತಾನೆ?"

"ಕೇಳ್ದೆ ಕಣಮ್ಮ."

ಅಷ್ಟು ಹೇಳಲು ನನಗೆ ಒಂದು ಕ್ಷಣ ಸಾಕಾಯಿತು. ಅದನ್ನು ನಂಬಿದ ಅವಳು ಎಂಟು ದಿನ ಪ್ರೋಗ್ರಾಮಿನಲ್ಲಿ ಇಲ್ಲದ ತಪ್ಪು ಹುಡುಕಿದಳು. ಪ್ರೋಗ್ರಾಮ್ ಅಚ್ಚಾದ ಉದ್ದುದ್ದ ಕಾಗದ ನಮ್ಮ ಮನೆ ಜಗಲಿಯ ತುಂಬ ಹರಡಿಕೊಂಡು ಸಾಲು ಸಾಲು ಓದುತ್ತಿದ್ದಳು. ತಟ್ಟೆಗೆ ಹಾಕಿದ ಮುದ್ದೆ ಹಾಗೇ ತಣ್ಣಗಾಗುತ್ತಿತ್ತು. "ನಾನು ಕಲ್ತಿದ್ದೇ ಸರಿಯಿಲ್ವೇನೋ ಅಣ್ಣ," ಎಂದಳು ಒಮ್ಮೆ. ಮಾರ್ಕೆಟ್ಟಿನಲ್ಲಿ ನೂರು ಜನರ ಬಾಯಿಗೆ ಉತ್ತರ ಕೊಡುವ ನಾನು ಎದ್ದು ಹೋಗಿ ದನಕ್ಕೆ ನೀರಿಟ್ಟೆ. ದನಕ್ಕೆ ಆಗಷ್ಟೇ ಸುಶೀಲ ನೀರಿಟ್ಟಿದ್ದಳು.

ಸುಶೀಲ ನನ್ನ ಹೆಂಡತಿ. ಅವಳಿಗೆ ಅನುಮಾನ ಬಂತು.

"ಏನ್ರೀ, ನಿಜ ಹೇಳಿ. ಐದೂ ಕೇಳಿದ್ರಾ?"

"ಒಂದು ಕೇಳ್ದೆ ಕಣೇ. ಒಂದೇ ರಾಶಿ ಅಲ್ವಾ? ಒಂದು ಬದುಕಿದ್ರೆ ಐದೂ ಬದುಕಿದ್ದಂಗೆ."

ಅವಳು ಸೌಟು ಕೆಳಗಿಟ್ಟಳು. "ಸರಿ. ನಾಳೆಯಿಂದ ಮನೇಲಿ ಐದು ಜನಕ್ಕೂ ಊಟ ಆಯ್ತಾ ಅಂತ ವನಜನ ಒಬ್ಳನ್ನೇ ಕೇಳ್ತೀನಿ. ಅವಳದು ಆಗಿದ್ರೆ ನಿಮ್ಮದೂ ಆದಂಗೆ. ಆಯ್ತಾ?"

ಏಳನೇ ಕ್ಲಾಸಿನ ನಂತರ ನನಗೆ ಸಿಕ್ಕ ಮೊದಲ ಪಾಠ ಅದು. ಪೂರ್ತಿ ಅರ್ಥವಾಯಿತು.

"ಇನ್ನೂ ಯಾಕೆ ನಿಂತಿದ್ದೀರಾ?" ಎಂದಳು. "ವನಜ 'ನನ್ನ ಕೈಲಿ ಈ ಕೆಲಸ ಆಗಲ್ಲ' ಅಂತ ಕಾಗದ ಬರ್ಕೊಂಡು ಈಗ ತಾನೆ ಕೇಂದ್ರಕ್ಕೆ ಹೋದ್ಲು!"

ನಾನು ಓಡಿದೆ. ಅಂಗಿಯ ಗುಂಡಿ ಮೇಲೆ ಕೆಳಗಾಗಿದ್ದುದು ಕೇಂದ್ರದ ಬಾಗಿಲಲ್ಲಿ ತಿಳಿಯಿತು. ವನಜ ಯಜಮಾನರ ಮುಂದೆ ನಿಂತಿದ್ದಳು. ಕಾಗದ ಇನ್ನೂ ಅವಳ ಕೈಯಲ್ಲೇ ಇತ್ತು. ಕೃಷ್ಣಪ್ಪನವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಮೊಟ್ಟೆ ವಿಚಾರಿಸಲು ಬಂದಿದ್ದ ನಾಲ್ಕಾರು ರೈತರೂ ನೋಡಿದರು. ರುಮಾಲಿನ ಹಿರಿಯರೂ ಅಲ್ಲಿದ್ದರು. ಇಂಥ ಹೊತ್ತಿಗೆ ಅವರು ಇಲ್ಲದೆ ಹೇಗೆ?

ದಾರಿಯುದ್ದಕ್ಕೂ ನಾನೊಂದು ಭಾಷಣ ತಯಾರಿಸಿದ್ದೆ. ಅದರಲ್ಲಿ ಟೆಲಿಫೋನ್ ತಂತಿಯ ಪಾಲು ಸ್ವಲ್ಪ, ಕರೆಂಟಿನ ಪಾಲು ಸ್ವಲ್ಪ, ನನ್ನದು ತೀರಾ ಸ್ವಲ್ಪ ಇತ್ತು. ವನಜಳ ಮುಖ ನೋಡಿದೆ. ಭಾಷಣ ಮರೆತುಹೋಯಿತು. ಅಂಗಳದವರಿಗೂ ಕೇಳುವಷ್ಟು ಜೋರಾಗಿ ಹೇಳಿದೆ:

"ಯಜಮಾನ್ರೇ, ಪ್ರೋಗ್ರಾಮ್ ಸರಿಯಾಗೈತೆ, ಸರಿಯಿಲ್ದೇ ಇರೋನು ನಾನು. ವನಜ, ಐದು ಕೇಳು ಅಂದ್ರೆ ನಾನು ಒಂದೇ ಕೇಳಿದ್ದು. ಆಮೇಲೆ ನಿನ್ನ ಹತ್ರ ಸುಳ್ಳು ಹೇಳ್ದೆ, ಎಂಟು ದಿನ ನೀನು ಊಟ ಬಿಟ್ಟಿದ್ದು ನೋಡ್ಕೊಂಡು ಸುಮ್ಮನಿದ್ದೆ. ತಪ್ಪಾಯ್ತು ಕಣಮ್ಮ."