ನಮ್ಮವರ ಕ್ಯಾಮೆರಾ, ನನ್ನ ಎಮ್ಮೆ

ನಮ್ಮ ಮನೆಯವರಿಗೆ ಹುಚ್ಚು ಹಿಡಿದಿದೆ ಎಂದು ನಾನು ಎಲ್ಲಿಯೂ ಹೇಳಿಲ್ಲ. ದೊಡವಾಡದ ಮಂದಿ ಹೇಳುತ್ತಾರೆ. ನಾನು ಇಲ್ಲ ಅನ್ನುವುದಿಲ್ಲ, ಅಷ್ಟೇ!

ಹೆಸರು ಕೇಳಬೇಡಿ. ಗಂಡನ ಹೆಸರು ಹೇಳಿ ನನಗೆ ರೂಢಿಯಿಲ್ಲ. ಅಲ್ಲದೆ ಹೆಸರಾದರೂ ಯಾಕೆ ಬೇಕು? ನಮ್ಮೂರಲ್ಲಿ ಬಸ್ಸಿನಿಂದ ಇಳಿದು, ಕೊರಳಲ್ಲಿ ಕ್ಯಾಮೆರಾ, ಸೊಂಟಕ್ಕೆ ಚೀಲ, ಹೆಗಲ ಮೇಲೆ ಮೂರು ಕಾಲಿನ ಕೋಲು ಹೊತ್ತ ಮುದುಕನ ಮನೆ ಯಾವುದು ಎಂದು ಕೇಳಿ. ನಾಯಿ ಕೂಡ ಕರೆದುಕೊಂಡು ಬಂದು ಬಿಡುತ್ತದೆ.

ಕರೆಂಟಿನ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದವರು. ಆಯುಷ್ಯವೆಲ್ಲ ಕಂಬ ಹತ್ತಿದರು, ಇಳಿದರು. ರಿಟೈರ್ ಆದ ದಿನ ಶಾಲು ಹೊದಿಸಿಕೊಂಡು ಮನೆಗೆ ಬಂದರು. ಉಳಿದವರ ಗಂಡಂದಿರು ರಿಟೈರ್ ಆದರೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುವವರನ್ನು ಬರುವವರನ್ನು ಆಡಿಕೊಳ್ಳುತ್ತಾರೆ. ಇವರು ಹುಬ್ಬಳ್ಳಿಗೆ ಹೋಗಿ ಕ್ಯಾಮೆರಾ ತಂದರು.

"ಫೋನಿನ್ಯಾಗ ಫೋಟೋ ಬರೂದಿಲ್ಲೇನ್ರಿ?" ಎಂದು ಕೇಳಿದೆ.

"ಬರತಾವು. ಆದರ ಅವು ಫೋಟೋ ಅಲ್ಲ."

"ಮತ್ತೇನು?"

"ಬರೇ ಚಿತ್ರಾ."

ಫೋಟೋಕ್ಕೂ ಚಿತ್ರಕ್ಕೂ ಏನು ಫರಕು ಎಂದು ಇವತ್ತಿನವರೆಗೆ ನನಗೆ ತಿಳಿದಿಲ್ಲ. ಕೇಳಿದರೆ ಒಂದು ತಾಸು ಹೇಳುತ್ತಾರೆ. ಅದಕ್ಕೇ ಕೇಳಿಲ್ಲ.

ಮೊದಮೊದಲು ರೊಟ್ಟಿ ನಾನೇ ಬಡಿಯುತ್ತಿದ್ದೆ. ಹಂಚಿನ ಮೇಲೆ ರೊಟ್ಟಿ ಉಬ್ಬುವುದೇ ತಡ, ಓಡಿ ಬಂದು "ತಡಿ, ತಡಿ!" ಎನ್ನುವರು. ಉಬ್ಬಿದ ರೊಟ್ಟಿ ಯಾರಿಗಾಗಿ ತಡೆಯುತ್ತದೆ? ಇವರು ಕ್ಯಾಮೆರಾ ಕಣ್ಣಿಗೆ ಹಿಡಿಯುವಷ್ಟರಲ್ಲಿ ಅದು ಉಸ್ಸೆಂದು ಕೂತುಬಿಡುತ್ತಿತ್ತು.

"ಇನ್ನೊಮ್ಮೆ ಉಬ್ಬಸು."

"ನೀವಽ ಊದ್ರಿ!"

ಕ್ಯಾಮೆರಾ ಒಂದೇ ಆಗಿದ್ದರೆ ಸಹಿಸಬಹುದಿತ್ತು. ಅದರ ಹಿಂದೆ ಅದರ ಬಳಗವೆಲ್ಲ ಬಂತು. ಬ್ಯಾಟರಿಗಳು, ದೀಪಗಳು, ಫೋನು ಹಿಡಿಯುವ ಕೋಲು, ಹಾಡುವ ಡಬ್ಬಿ. ಕರೆಂಟಿನ ಪಿನ್ನು ಚುಚ್ಚಲು ಗೋಡೆಯಲ್ಲಿ ಎಲ್ಲೆಲ್ಲಿ ತೂತುಗಳಿವೆಯೋ ಅಲ್ಲೆಲ್ಲ ಇವರ ವಾಯರು ಜೋತಾಡುತ್ತವೆ. ಒಮ್ಮೆ ಸೊಸೆ ಮಿಕ್ಸರಿನ ವಾಯರು ಕೈಯಲ್ಲಿ ಹಿಡಿದು ಮನೆಯೆಲ್ಲ ಸುತ್ತಿದಳು.

"ಮಾವಾರ, ಚಟ್ನಿ ಮಾಡಬೇಕ್ರಿ. ಒಂದರ ತಗೀರಿ."

"ಯಾವುದು ತಗೀಲವಾ? ಎಲ್ಲಾ ಇನ್ನೂ ಅರ್ಧಾ ಕುಡದಾವು."

ಕೆಚ್ಚಲಿನಿಂದ ಕರು ಬಿಡಿಸುವುದಕ್ಕೂ ಯಾರೂ ಇಷ್ಟು ಮರುಗುವುದಿಲ್ಲ! ಕರೆಂಟಿನ ಆಫೀಸಿನವರ ಮನೆಯಲ್ಲಿ ಅವತ್ತು ಚಟ್ನಿ ಒಳಕಲ್ಲಿನಲ್ಲಿ ಆಯಿತು.

ಸೀಗಿ ಹುಣ್ಣಿಮೆಯ ಕಥೆ ಕೇಳಿ. ಅವತ್ತು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತೇವೆ. ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಬುಟ್ಟಿಯಲ್ಲಿ ಕಲಸಿಕೊಂಡು ಬೆಳೆಯೊಳಗೆ ಎರಚುತ್ತ ಸುತ್ತು ಹಾಕುವುದು. ಆಮೇಲೆ ಎಲ್ಲರೂ ಕೂತು ಉಣ್ಣುವುದು. ಮಗ ಬುಟ್ಟಿ ಹಿಡಿದ. ಇವರೆಲ್ಲಿ? ಬದುವಿನ ಬೇವಿನ ಮರದ ಮೇಲೆ! ಕಂಬ ಹತ್ತಿದ ಕಾಲುಗಳು, ಸುಮ್ಮನಿರುತ್ತವೆಯೇ? ಮಗ ಒಂದು ಹಿಡಿ ಎರಚಿದ.

"ಇನ್ನೊಮ್ಮೆ ಒಗಿ," ಎಂದು ಮರ ಕೂಗಿತು. "ಅನ್ನ ಗಾಳ್ಯಾಗ ನಿಂತಿದ್ದು ಬರಬೇಕು."

"ಅನ್ನ ಗಾಳ್ಯಾಗ ಹೆಂಗ ನಿಂದರತೈತ್ರಿ?" ಎಂದೆ ನಾನು.

"ನನ್ನ ಕ್ಯಾಮೆರಾದಾಗ ನಿಂದರತೈತಿ. ಒಗಿಯೋ!"

ಅವನು ಒಗೆದ. ಕೈ ಮಸುಕಾಯಿತಂತೆ, ಮತ್ತೆ ಒಗೆದ. ಹಿಂದೆ ಸೊಸೆಯ ಸೆರಗು ಬಂತಂತೆ, ಮತ್ತೆ ಒಗೆದ. ಚರಗದ ಬುಟ್ಟಿ ಖಾಲಿಯಾಯಿತು, ಬುತ್ತಿಯ ಗಂಟಿಗೆ ಕೈ ಹಾಕಿದರು. ಕಡಬು, ಪುಂಡಿಪಲ್ಲೆ, ಬುತ್ತಿ, ಎಲ್ಲವೂ ಗಾಳಿಯಲ್ಲಿ ನಿಂತು ಆಮೇಲೆ ಜೋಳದಲ್ಲಿ ಬಿದ್ದವು. ಆ ವರ್ಷ ಭೂಮಿತಾಯಿ ಹೊಟ್ಟೆ ತುಂಬ ಉಂಡಳು. ನಾವು ಮನೆಗೆ ಬಂದು ಅವಲಕ್ಕಿ ತಿಂದೆವು.

ಆಮೇಲೆ ಕೈಗೆ ಕಟ್ಟುವ ಗಡಿಯಾರ ಬಂತು. ಅದು ವೇಳೆ ಹೇಳುವುದಕ್ಕಿಂತ ಬುದ್ಧಿ ಹೇಳುವುದೇ ಹೆಚ್ಚು. ಎಷ್ಟು ನಡೆದೆ, ಎಷ್ಟು ಮಲಗಿದೆ, ಎದೆ ಹೆಂಗೆ ಬಡಿಯಿತು ಎಂದು ಅವರ ಫೋನಿಗೆ ಚಾಡಿ ಹೇಳುತ್ತದೆ. ನನ್ನ ಆರೋಗ್ಯಕ್ಕೆ ಚಲೋ ಎಂದು ನನ್ನ ಕೈಗೆ ಕಟ್ಟಿದರು. ಮಜ್ಜಿಗೆ ಕಡೆಯುವಾಗ ಗುಂಯ್ ಗುಂಯ್ ಎಂದು ಜೀವ ತಿಂದಿತು. ಬಿಚ್ಚಿ ಎಮ್ಮೆಯ ಕರುವಿನ ಕೊರಳ ಹಗ್ಗಕ್ಕೆ ಕಟ್ಟಿಬಿಟ್ಟೆ. ಅವತ್ತೇ ಕರು ಗೂಟ ಕಿತ್ತುಕೊಂಡು ಊರೆಲ್ಲ ತಿರುಗಬೇಕೇ! ಸಂಜೆ ಫೋನು ನೋಡಿದವರಿಗೆ ಗಾಬರಿಯೋ ಗಾಬರಿ.

"ಏ, ಇವತ್ತ ಎಲ್ಲೆಲ್ಲೆ ಅಡ್ಡಾಡಿದಿ? ಎದಿ ಈ ಪರಿ ಬಡದೈತಿ! ಬೈಲಹೊಂಗಲ ತನಕ ನಡಕೋಂತ ಹೋಗಿದ್ದೇನ?"

"ನಾ ಎಲ್ಲೂ ಹೋಗಿಲ್ರಿ. ಹೋಗಿದ್ದು ಹೊರಗ ನಿಂತೈತಿ, ಅದನ್ನ ಕೇಳ್ರಿ."

ಬೈಯುತ್ತಾರೆ ಎಂದುಕೊಂಡೆ. ಎಲ್ಲಿಯ ಬೈಗಳು! ಗಡಿಯಾರ ಕರುವಿನ ಎದೆಯನ್ನೂ ಎಣಿಸಿತಲ್ಲ ಎಂದು ಖುಷಿಯಾಗಿ ಓಣಿಗೆಲ್ಲ ತೋರಿಸಿಕೊಂಡು ಬಂದರು.

ಇಷ್ಟಾದರೂ ಒಂದು ಮಾತು ಒಪ್ಪಬೇಕು. ಊರವರು ಇವರನ್ನು ನೋಡಿ ನಕ್ಕರೂ ದನ ಮಾರುವಾಗ ಇವರೇ ಬೇಕು. ಈಗ ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗುವವರು ಕಡಿಮೆ. ಫೋನಿನಲ್ಲಿ ದನದ ಗುಂಪು ಎಂದು ಒಂದು ಇದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರೆಲ್ಲ ಅದರಲ್ಲಿದ್ದಾರೆ. ಫೋಟೋ ಹಾಕಿದರೆ ಬೇಕಾದವರು ಫೋನ್ ಮಾಡುತ್ತಾರೆ. ಆ ಗುಂಪಿನಲ್ಲಿ ನಮ್ಮವರ ಹೆಸರೆಂದರೆ ಹೆಸರು! ದನಕ್ಕೆ ಮೈ ತೊಳೆಸಿ, ಕೋಡಿಗೆ ಎಣ್ಣೆ ಹಚ್ಚಿಸಿ, ಎಳೆ ಬಿಸಿಲು ಬೀಳುವ ಹೊತ್ತಿಗೆ ನಿಲ್ಲಿಸುತ್ತಾರೆ. ಯಾರೋ ಒಬ್ಬರು ಹಸಿ ಮೇವು ಎತ್ತಿ ಹಿಡಿಯಬೇಕು, ಅದು ಕತ್ತು ಎತ್ತಬೇಕು. ಇವರು ನೆಲಕ್ಕೆ ಕೂತು ಕೆಳಗಿನಿಂದ ತೆಗೆಯುತ್ತಾರೆ. ಹಾಗೆ ತೆಗೆದರೆ ದನಕ್ಕೆ ಎತ್ತರ ಬರುತ್ತದಂತೆ.

ಬಾಜೂ ಮನೆಯ ಈರಪ್ಪನ ಎತ್ತಿನ ಫೋಟೋ ಹಾಗೆಯೇ ತೆಗೆದರು. ಮರುದಿನವೇ ರಾಮದುರ್ಗದ ಕಡೆಯಿಂದ ಒಬ್ಬ ಟೆಂಪೋ ತಂದ.

"ಫೋಟೋದಾಗಿನ ಎತ್ತ ಎಲ್ಲೈತ್ರಿ?"

"ಇದಽ ಅಲ್ಲೇನ್ರಿ ನಿಮ್ಮ ಮುಂದ ನಿಂತಿದ್ದು," ಎಂದ ಈರಪ್ಪ.

ಬಂದವನು ಫೋನು ನೋಡಿದ, ಎತ್ತು ನೋಡಿದ, ಮತ್ತೆ ಫೋನು ನೋಡಿದ.

"ಇದು ಅದರ ಅಜ್ಜ ಇದ್ದಂಗ ಐತಲ್ರಿ!"

ಆದರೂ ಬಾಡಿಗೆ ಟೆಂಪೋ ಖಾಲಿ ಹೊಡೆಯಬಾರದೆಂದು ಒಯ್ದ. ಹೋಗುವಾಗ ತಲೆಯ ಬಿಳಿ ಕೂದಲು ಸವರಿಕೊಂಡು ನಮ್ಮವರ ಹತ್ತಿರ ಬಂದ. "ಯಜಮಾನ್ರ, ನಂದೂ ಒಂದ ಫೋಟೋ ತಗೀರಲಾ. ಮನ್ಯಾಗ ಹೆಣ್ಣ ಹುಡಕಾಕ ಹತ್ಯಾರ."

ಇದೆಲ್ಲ ನನಗೆ ನಗೆಯ ಮಾತಾಗಿತ್ತು, ನನ್ನ ಎಮ್ಮೆಯ ಪಾಳಿ ಬರುವ ತನಕ.

ಶ್ರಾವಣದಲ್ಲಿ ಕೊಟ್ಟಿಗೆಯಲ್ಲಿ ಕಾಲು ಜಾರಿ ಬಿದ್ದೆ. ಎಲುಬು ಮುರಿಯಲಿಲ್ಲ, ಮೊಣಕಾಲು ಬಾತಿತು. ಇನ್ನು ಕುಕ್ಕರಗಾಲಿನಲ್ಲಿ ಕೂರಬಾರದು ಎಂದು ಬೈಲಹೊಂಗಲದ ಡಾಕ್ಟರು ಹೇಳಿ ಕಳಿಸಿದರು. ಎಮ್ಮೆಯನ್ನು ನಿಂತು ಹಿಂಡಲು ಬರುತ್ತದೆಯೇ?

"ಅವ್ವಾ, ಸಾಕಿನ್ನ," ಎಂದ ಮಗ. "ಎಮ್ಮಿ ಮಾರೂಣು. ಹಾಲು ಪಾಕೀಟಿನ್ಯಾಗ ಬರತೈತಿ."

"ಮಾರ್ರಿ! ನನಗೇನು, ಅದೇನ ನನ್ನ ಹೊಟ್ಯಾಗ ಹುಟ್ಟೇತಿ?" ಎಂದುಬಿಟ್ಟೆ. ಬೇಡ ಎಂದರೆ ಮುದುಕಿ ಎಮ್ಮೆಗಾಗಿ ಅಳುತ್ತಾಳೆ ಎಂದು ನಗುವುದಿಲ್ಲವೇ?

ನಿಜ ಹೇಳುತ್ತೇನೆ, ನನಗೆ ಆ ಎಮ್ಮೆಯ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಒದೆಯುತ್ತದೆ. ಬಾಲದಿಂದ ಮುಖಕ್ಕೆ ಬಾರಿಸುತ್ತದೆ. ಹಿಂಡಿ ಒಂದು ಮುಷ್ಟಿ ಕಡಿಮೆಯಾದರೆ ಹಾಲು ಬಿಡದೆ ಸೊಕ್ಕಿನಿಂದ ನಿಲ್ಲುತ್ತದೆ. ಆದರೆ ನಮ್ಮ ಮನೆಯಲ್ಲಿ ಅಡುಗೆ ಈಗ ಸೊಸೆಯ ಕೈಗೆ ಹೋಗಿದೆ, ಹೊಲ ಮಗನ ಕೈಗೆ ಹೋಗಿದೆ. ನನ್ನ ಕೈಯಲ್ಲಿ ಉಳಿದದ್ದು ಹೈನು ಒಂದೇ. ಹಾಲು ಹಿಂಡಿ, ಹೆಪ್ಪು ಹಾಕಿ, ಮಜ್ಜಿಗೆ ಕಡೆದು, ಯಾರಿಗೆ ಎಷ್ಟು ಎಂದು ಹೇಳುವವಳು ನಾನು. ಓಣಿಯ ಹೆಂಗಸರು ಚರಿಗೆ ಹಿಡಿದು ನನ್ನ ಹೆಸರು ಕೂಗಿಕೊಂಡು ಬರುತ್ತಾರೆ. ಎಮ್ಮೆ ಹೋದರೆ ಯಾರು ಕೂಗುತ್ತಾರೆ? ಟೀವಿ ಮುಂದೆ ಕೂಡಿಸಿ ಚಹಾದ ಕಪ್ಪು ಇಟ್ಟು ಹೋಗುತ್ತಾರೆ. ಅದೂ ಒಂದು ಬದುಕೇ?

ಇದನ್ನು ಮಗನಿಗೆ ಹೇಳಲಿಲ್ಲ. ಸೊಸೆಗೆ ಹೇಳಲಿಲ್ಲ. ನಮ್ಮವರಿಗೂ ಹೇಳಲಿಲ್ಲ. ಅವರು ಫೋಟೋ ತೆಗೆದರೆ ಕೆಲಸ ಮುಗಿಯಿತು ಎಂದು ಮಾತ್ರ ಗೊತ್ತಿತ್ತು. ಈರಪ್ಪನ ಮುದಿ ಎತ್ತನ್ನು ಹೋರಿ ಮಾಡಿದ ಕೈ ಅದು! ನನ್ನ ಎಮ್ಮೆಯಂತೂ ನಿಜವಾಗಿಯೂ ಚೆಲುವೆ. ಸುರುಳಿ ಕೋಡು, ತುಂಬಿದ ಕೆಚ್ಚಲು. ಬೆಳಿಗ್ಗೆ ಫೋಟೋ ಹಾಕಿದರೆ ಮಧ್ಯಾಹ್ನ ಟೆಂಪೋ ಬಂದು ನಿಲ್ಲುತ್ತದೆ.

"ಅಪ್ಪಾ, ನಾಳೆ ಎಮ್ಮೀದೊಂದು ಚಲೋ ಫೋಟೋ ತಗಿ," ಎಂದ ಮಗ.

"ಹೂಂ," ಎಂದರು.

ಮರುದಿನ ನಸುಕಿನಲ್ಲಿ ಎದ್ದು ನಾನೇ ಎಮ್ಮೆಯ ಮೈ ತೊಳೆದೆ. ಕೋಡಿಗೆ ಎಣ್ಣೆ ಹಚ್ಚಿದೆ. ಹೋಗುವವಳು ಚೆಂದಾಗಿ ಹೋಗಲಿ. ಎಳೆ ಬಿಸಿಲು ಬಂತು. ಮದುವೆ ಮನೆಯಲ್ಲಿ ಅಕ್ಷತೆ ನಿಲ್ಲಿಸಿ "ಬೆಳಕ ಹೋಗತೈತಿ, ಹೊರಗ ಬರ್ರಿ" ಎಂದು ಮದುಮಕ್ಕಳನ್ನೇ ಎಬ್ಬಿಸುವ ಮನುಷ್ಯ, ಅವತ್ತು ಹೊದಿಕೆ ಎಳೆದುಕೊಂಡು ಮಲಗಿಯೇ ಇದ್ದರು! ಬಿಸಿಲು ಏರಿತು. ಎಮ್ಮೆ ಸುಮ್ಮನಿರುತ್ತದೆಯೇ? ರಾಡಿಯಲ್ಲಿ ಹೊರಳಿ ಬಂತು. ಸೂರ್ಯ ನೆತ್ತಿಗೆ ಬಂದಾಗ ಇವರು ಕ್ಯಾಮೆರಾ ಹಾಕಿಕೊಂಡು ಹೊರಗೆ ಬಂದರು.

"ತಡೀರಿ, ತೊಳೀತೇನಿ," ಎಂದೆ.

"ಬ್ಯಾಡ. ಇದ್ದದ್ದು ಇದ್ದಂಗ ಇರಲಿ."

ಮೇವು ಎತ್ತಿ ಹಿಡಿಯಲು ಹೇಳಲಿಲ್ಲ. ನೆಲಕ್ಕೆ ಕೂರಲಿಲ್ಲ. ಎಮ್ಮೆಯ ಹಿಂದೆ ಹೋಗಿ, ಗೋಡೆ ಹತ್ತಿ ನಿಂತು, ಮೇಲಿನಿಂದ ಒಂದು ಸಲ ಒತ್ತಿದರು. ಒಂದೇ ಸಲ! ಒಂದು ಮೆಣಸಿನಕಾಯಿಯ ಫೋಟೋಕ್ಕೆ ಅರ್ಧ ದಿನ ಕಳೆಯುವವರು!

"ಆತು," ಎಂದು ಒಳಗೆ ಹೋಗಿ ಗುಂಪಿಗೆ ಹಾಕಿಯೂ ಬಿಟ್ಟರು.

ಮಗ ಫೋನು ತೆರೆದ. ನಾನೂ ಇಣುಕಿದೆ. ಸೊಂಟದ ಎಲುಬು ಎರಡು ಗೂಟದಂತೆ ಎದ್ದಿವೆ. ಕೆಚ್ಚಲು ಇಲ್ಲವೇ ಇಲ್ಲ. ಬಾಲಕ್ಕೆ ಸೆಗಣಿ. ಹಿಂದಕ್ಕೆ ತಿರುಗಿಸಿದ ಮುಖದಲ್ಲಿ ಒಂದು ಕಣ್ಣು ಮುಚ್ಚಿದೆ, ಇನ್ನೊಂದು ನಮ್ಮನ್ನೆಲ್ಲ ಶಪಿಸುತ್ತಿದೆ.

"ಅಪ್ಪಾ! ಇದು ಎಮ್ಮ್ಯೋ, ಎಮ್ಮಿ ದೆವ್ವೋ?"

"ಬೆಳಕ ಸರಿ ಇರಲಿಲ್ಲೋ."

"ಮಟಮಟ ಮಧ್ಯಾಹ್ನದಾಗ?"

"ಅದಕ್ಕಽ ಮತ್ತ. ಬೆಳಕ ಭಾಳ ಆತು."

ಮಗ ಸಿಟ್ಟಿನಿಂದ ತನ್ನ ಫೋನಿನಲ್ಲಿ ಒಂದು ಫೋಟೋ ತೆಗೆದು ಹಾಕಿದ. ಯಾರೂ ನಂಬಲಿಲ್ಲ. ಗುಂಪಿನವರ ಲೆಕ್ಕ ಬೇರೆಯೇ ಇತ್ತು: ಕಾಕಾನ ಫೋಟೋದಾಗ ಸುದ್ದಾ ಹಿಂಗ ಕಾಣತೈತಿ ಅಂದಮ್ಯಾಲ ಆ ಎಮ್ಮಿ ಖರೇನ ಹೆಂಗ ಇರಬೇಕು! ಹೂಲಿ ಊರಿನವನೊಬ್ಬ ಮಾತ್ರ ಫೋನ್ ಮಾಡಿದ. "ಇದು ಜೀವಂತ ಐತೇನ್ರಿ?" ಎಂದು ಕೇಳಿ ಇಟ್ಟ.

ವಾರ ಕಳೆಯಿತು. ಮಗನಿಗೂ ಸಾಕಾಯಿತು. ಹಿಂಡುವಾಗ ಕೂರಲು ಒಂದು ಸ್ಟೂಲು ತಂದುಕೊಟ್ಟ. "ಸಗಣಿ ನಾ ಬಳೀತೇನ್ರಿ ಅತ್ತೀ, ನೀವು ಹಾಲಷ್ಟ ಹಿಂಡ್ರಿ," ಎಂದಳು ಸೊಸೆ. ಎಮ್ಮೆ ಉಳಿಯಿತು. ಮೊದಲ ದಿನವೇ ಸ್ಟೂಲಿಗೆ ಒದೆಯಿತು, ಅದರ ಸೊಕ್ಕೇನೂ ಕಡಿಮೆಯಾಗಿಲ್ಲ.

ಆದರೆ ಗುಂಪಿನಲ್ಲಿ ನಮ್ಮವರ ಹೆಸರು ಹೋಯಿತು. ಫೋಟೋ ತೆಗೆಯಲು ಕರೆಯುವುದು ನಿಂತಿತು. ದಾರಿಯಲ್ಲಿ ಸಿಕ್ಕವರು ಮೊದಲು ಎಮ್ಮೆಯ ಆರೋಗ್ಯ ಕೇಳುವರು, ಆಮೇಲೆ ಇವರ ಕಣ್ಣಿನ ಆರೋಗ್ಯ ಕೇಳುವರು. ಒಂದು ದಿನ ಈರಪ್ಪ ಬಂದು ಕಟ್ಟೆಯ ಮೇಲೆ ಕೂತ. ನಾನು ಒಳಗೆ ಮಜ್ಜಿಗೆ ಕಡೆಯುತ್ತಿದ್ದೆ.

"ಕಾಕಾ, ಆಕಳ ಮಾರಾಂವದೇನಿ. ಈ ಸಲ ಕಿತ್ತೂರಿನ ಹುಡುಗನ್ನ ಕರಿಸೇನ್ರಿ. ಸಿಟ್ಟಾಗಬ್ಯಾಡ್ರಿ. ನಿಮಗೂ ಕಣ್ಣ ಮಂಜ ಆಗ್ಯಾವು, ಕೈ ನಡಗತಿರಬೇಕು."

ಈಗ ಜಗಳ ಹತ್ತುತ್ತದೆ ಎಂದು ಕಡೆಗೋಲು ನಿಲ್ಲಿಸಿದೆ. ಫೋಟೋದ ಮೂಲೆಯಲ್ಲಿ ಒಂದು ನೆರಳು ಜಾಸ್ತಿಯಾಯಿತು ಎಂದವನ ಸಂಗಡ ವರ್ಷಗಟ್ಟಲೆ ಮಾತು ಬಿಟ್ಟ ಮನುಷ್ಯ ಇವರು!

"ಹೌದಪಾ," ಎಂದರು. "ವಯಸ್ಸಾತಲ್ಲ."

ನನ್ನ ನಾಲಿಗೆ ಹೇಗೆ ತುರಿಸಿತು ಎಂದರೆ! ಹೊರಗೆ ಹೋಗಿ ಈರಪ್ಪನ ಮುಖಕ್ಕೆ ಹೇಳಬೇಕೆಂದಿದ್ದೆ. ಮಗ ಅಂಗಳದಲ್ಲೇ ಇದ್ದ. ಹೇಳಿದರೆ ಎಮ್ಮೆಯ ಮಾತು ಮತ್ತೆ ಎದ್ದು ಕೂರುತ್ತದೆ. ಬಾಯಿಗೆ ಬಂದ ಮಾತು ನಾನು ನುಂಗಿದ್ದು ಹುಟ್ಟಾ ಅದೊಂದೇ ಸಲ. ಅದಕ್ಕೇ ಇಲ್ಲಿ ಬರೆದು ಹೇಳುತ್ತಿದ್ದೇನೆ. ಅವರ ಕಣ್ಣಿಗೆ ಏನೂ ಆಗಿಲ್ಲ. ಕೈಯೂ ನಡುಗುವುದಿಲ್ಲ. ಮಗ ಓದಿಯಾನು ಎಂಬ ಹೆದರಿಕೆಯಿಲ್ಲ, ಅವನು ಫೋನು ಬಿಟ್ಟು ಬೇರೇನೂ ಓದುವುದಿಲ್ಲ.

ಎಲ್ಲವನ್ನೂ ಆ ಡಬ್ಬಿಯ ತೂತಿನಿಂದಲೇ ನೋಡುವ ಈ ಮನುಷ್ಯ, ಬರಿಗಣ್ಣಿನಿಂದ ನನ್ನ ಮುಖ ಯಾವಾಗ ನೋಡಿದ್ದರೋ!

ಈರಪ್ಪ ಹೋದ ಮೇಲೆ ಒಂದು ಲೋಟ ಮಜ್ಜಿಗೆ ತೆಗೆದುಕೊಂಡು ಹೊರಗೆ ಹೋದೆ. ಇವರು ಕ್ಯಾಮೆರಾದ ಗಾಜು ಒರೆಸುತ್ತ ಕೂತಿದ್ದರು. ಲೋಟ ಮುಂದೆ ಇಟ್ಟೆ.

"ಎಮ್ಮಿ ಫೋಟೋ ಚಲ್ಲೋ ಬಂದಿತ್ರಿ," ಎಂದೆ.

ಅವರು ತೆಗೆದ ಯಾವ ಫೋಟೋಕ್ಕೂ ನಾನು ಅಲ್ಲಿಯವರೆಗೆ ಚಲೋ ಅಂದಿರಲಿಲ್ಲ. ಇವರು ತಲೆ ಎತ್ತದೆ ಇನ್ನಷ್ಟು ಹೊತ್ತು ಗಾಜು ಒರೆಸಿದರು. ಆಮೇಲೆ ಲೋಟ ಎತ್ತಿ ಒಂದು ಗುಟುಕು ಕುಡಿದರು.

"ಉಪ್ಪ ಕಡಿಮಿ ಆಗೇತಿ."

ಉಪ್ಪು ಸರಿಯಾಗಿಯೇ ಇತ್ತು. ಆದರೂ ಒಳಗೆ ಹೋಗಿ ಒಂದು ಚಿಟಿಕೆ ತಂದು ಹಾಕಿದೆ.