ಹಿಂದಿನ ಸೀಟಿನ ಗೀರುಗಳು

ಸರ್ವಿಸ್‌ಗೆಂದು ಗ್ಯಾರೇಜಿಗೆ ಬಿಡುವ ಕಾರನ್ನು ಯಾರಾದರೂ ಮೊದಲು ಮನೆಯಲ್ಲೇ ತೊಳೆದು ಒರೆಸುತ್ತಾರೆಯೇ? ಕನ್ನಡಕದಣ್ಣ ಒರೆಸುತ್ತಿದ್ದ. ಪೇಟೆ ಬೀದಿಯಲ್ಲಿ ಅವನದೊಂದು ಕನ್ನಡಕದ ಅಂಗಡಿ ಇದ್ದುದರಿಂದ ಹಿರಿಯರು ಕಿರಿಯರೆನ್ನದೆ ಎಲ್ಲರ ಬಾಯಲ್ಲೂ ಅವನು ಕನ್ನಡಕದಣ್ಣನೇ. ಬಹಳ ವರ್ಷ ಸ್ಕೂಟರ್ ಓಡಿಸಿ, ಕೊನೆಗೂ ಕೊಂಡ ಕಾರು ಅದು. ಎಂಜಿನ್ ಹೇಗಿದೆ ಎಂದು ಕೇಳಿದರೆ ತಡವರಿಸುತ್ತಿದ್ದವನು ಸೀಟಿನ ವಿಷಯ ಬಂದರೆ ಮಾತು ನಿಲ್ಲಿಸುತ್ತಿರಲಿಲ್ಲ. ಜೇನಿನ ಬಣ್ಣದ ಅಸಲಿ ಚರ್ಮದ ಸೀಟುಗಳು. ಹಿಂದೆ ಕೂರುವವರು ಜೇಬಿನ ಕೀಲಿಕೈಯನ್ನು ಅವನ ಕೈಗೊಪ್ಪಿಸಿಯೇ ಕೂರಬೇಕು. ಒಮ್ಮೆ ಹೆಂಡತಿ ಹೊಲಿಗೆಯ ಚೀಲವನ್ನು ಅದರ ಮೇಲಿಟ್ಟಳೆಂದು ಎರಡು ದಿನ ಮುಖ ಊದಿಸಿಕೊಂಡಿದ್ದ.

ಆ ದಿನ ಬೆಳಿಗ್ಗೆಯೂ ಹಾಗೆಯೇ ಕಾರಿನ ಹೊದಿಕೆಯನ್ನು ಎಳೆದು, ಮುದ್ದೆ ಮಾಡಿ ಮೆಟ್ಟಿಲ ಕೆಳಗೆ ಎಸೆದ. ನಾಲ್ಕೂ ಬಾಗಿಲು ತೆರೆದಿಟ್ಟು, ಕಾಲಡಿಯ ಮ್ಯಾಟುಗಳನ್ನು ಗೇಟಿನಾಚೆ ಒಯ್ದು ಕೊಡವಿದ. ಅತ್ತೆಯ ಬೆಕ್ಕು ಕಾಂಪೌಂಡಿನ ಮೇಲೆ ಕೂತು ಇದನ್ನೆಲ್ಲ ಮೇಸ್ತ್ರಿಯ ಹಾಗೆ ನೋಡುತ್ತಿತ್ತು.

ಬೆಕ್ಕಿನ ಹೆಸರು ದೊರೆ. ಮಾವ ತೀರಿಕೊಂಡ ಮೇಲೆ ಅತ್ತೆಗೆ ಮನೆಯಲ್ಲಿ ಮಾತಿಗೆ ಸಿಗುತ್ತಿದ್ದದ್ದು ಅದೊಂದೇ. ಒಂದು ತಿಂಗಳು ಇದ್ದುಹೋಗಲೆಂದು ಮಗಳು ಕರೆದಾಗ, ದೊರೆಯನ್ನು ಬುಟ್ಟಿಯಲ್ಲಿ ಕೂರಿಸಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು. ಅದನ್ನು ಅವರು ಎಂದೂ ಏಕವಚನದಲ್ಲಿ ಮಾತಾಡಿಸಿದವರಲ್ಲ. ದೊರೆಗಳು ಮಲಗಿದ್ದಾರೆ, ಟಿವಿ ಸಣ್ಣಗೆ ಮಾಡಿ ಎನ್ನುತ್ತಿದ್ದರು. ಕನ್ನಡಕದಣ್ಣನಿಗೋ ಬೆಕ್ಕಿನ ರೋಮ ಮೂಗಿಗೆ ಸೋಕಿದರೆ ಸಾಕು, ಸೀನು ಶುರು. ಹಾಗಾಗಿ ಅವನಿಗೂ ದೊರೆಗೂ ಒಂದು ಒಪ್ಪಂದವಾಗಿತ್ತು: ಒಬ್ಬರು ನಡುಮನೆಯಲ್ಲಿದ್ದರೆ ಇನ್ನೊಬ್ಬರು ಜಗಲಿಯಲ್ಲಿ. ಬೂದು ಬಣ್ಣ, ಉದ್ದ ಬಾಲ ಎಂಬುದರ ಆಚೆಗೆ ಅವನು ಆ ಬೆಕ್ಕನ್ನು ನೆಟ್ಟಗೆ ನೋಡಿಯೇ ಇರಲಿಲ್ಲ.

ಮ್ಯಾಟುಗಳನ್ನು ಹಾಸಿ, ಬಾಗಿಲುಗಳನ್ನು ಒಂದೊಂದಾಗಿ ಹಾಕಿ, ಕಿಟಕಿಗಳನ್ನು ಪೂರ್ತಿ ಏರಿಸಿಕೊಂಡು ಹೊರಟ. ಹೊಸ ಚರ್ಮದ ವಾಸನೆಯನ್ನು ಮೂಗಿನ ತುಂಬ ಎಳೆದುಕೊಳ್ಳುತ್ತಾ, ಹಾಡು ಗುನುಗುತ್ತಾ ಗ್ಯಾರೇಜು ಮುಟ್ಟಿದ. ಕಾರನ್ನು ಒಪ್ಪಿಸಿ, ಸೀಟು ಜೋಪಾನ ಎಂದು ಸೂಪರ್‌ವೈಸರನಿಗೆ ಹೇಳಿ, ಸಾಲದೆಂದು ಗೇಟಿನ ಕಾವಲುಗಾರನಿಗೂ ಹೇಳಿ ಅಂಗಡಿಗೆ ನಡೆದ.

ಸಂಜೆ ಕಾರು ತರಲು ಹೊರಟಾಗ ಪಕ್ಕದ ಮನೆಯ ವಕೀಲರು ಜೊತೆಗೆ ಬಂದರು. ಅವರು ಕೋರ್ಟಿನ ಮೆಟ್ಟಿಲು ಹತ್ತಿದವರೇನಲ್ಲ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಆದರೆ ತರಕಾರಿ ಗಾಡಿಯವನಿಂದ ಹಿಡಿದು ಮೀಟರ್ ಓದುವವನವರೆಗೆ ಯಾರೊಡನೆ ವಾದಕ್ಕಿಳಿದರೂ ಸೋತು ಹಿಂದಿರುಗಿದವರಲ್ಲ ಎಂದು ಬೀದಿಯವರೇ ಕೊಟ್ಟ ಪದವಿ ಅದು. ಸಂಜೆಯ ಹೊತ್ತು ಬೇರೆ ಕೆಲಸವಿಲ್ಲ, ಬರುವಾಗ ಕಾರಿನಲ್ಲಿ ಕೂತು ಬರಬಹುದು ಎಂಬುದಷ್ಟೇ ಅವರ ಲೆಕ್ಕ.

ಕನ್ನಡಕದಣ್ಣ ಹಿಂದಿನ ಬಾಗಿಲು ತೆರೆದವನು ಹಾಗೆಯೇ ನಿಂತ. ಸೀಟಿನ ನಟ್ಟನಡುವೆ ಉದ್ದುದ್ದ ಗೀರುಗಳು, ಯಾರೋ ಬಾಚಣಿಗೆಯಿಂದ ಎಳೆದ ಹಾಗೆ. ಒಂದು ಕಡೆಯಂತೂ ಚರ್ಮ ಸುಲಿದು ಒಳಗಿನ ಬಿಳಿ ಕಾಣುತ್ತಿತ್ತು. ಬೆರಳಿಂದ ಸವರಿ ನೋಡಿದ. ಎಂಜಲು ಹಚ್ಚಿ ಉಜ್ಜಿ ನೋಡಿದ. ಗೀರು ಗೀರಾಗಿಯೇ ಉಳಿಯಿತು. ಅವನಿಗೆ ನಿಜಕ್ಕೂ ಅಳು ಬಂತು.

ಸೂಪರ್‌ವೈಸರ್ ಬಂದು ಬಗ್ಗಿ ನೋಡಿದ. ಆಮೇಲೆ ತಲೆಯೆತ್ತಿ, ಮೂಲೆಯಲ್ಲಿ ಪೇರಿಸಿಟ್ಟ ಹಳೆಯ ಟೈರುಗಳ ಕಡೆ ಕೈ ತೋರಿಸಿದ. ಎಲ್ಲಕ್ಕಿಂತ ಮೇಲಿನ ಟೈರಿನೊಳಗೆ ಒಂದು ಬೂದು ಬೆಕ್ಕು ಸುರುಳಿ ಸುತ್ತಿಕೊಂಡು ಮಲಗಿತ್ತು. ಉದ್ದನೆಯ ಬಾಲವೊಂದು ಹೊರಗೆ ಇಳಿಬಿದ್ದಿತ್ತು.

"ಮಧ್ಯಾಹ್ನ ನಿಮ್ಮ ಕಾರಿನ ಬಾಗಿಲು ತೆಗೆದಾಗ ಅದು ಒಳಗಿಂದ ಹಾರ್ತು ಸಾರ್. ನಮ್ಮಲ್ಲಿ ಬೆಕ್ಕು ಗಿಕ್ಕು ಏನೂ ಇಲ್ಲ. ನೀವೇ ಮನೆಯಿಂದ ತಂದಿರಬೇಕು."

ವಕೀಲರು ಶರ್ಟಿನ ತೋಳು ಮಡಿಸಿದರು. ಕನ್ನಡಕದಣ್ಣನ ಕಿವಿಯ ಬಳಿ ಬಂದು, ನೀನು ಬಾಯಿ ತೆಗೀಬೇಡ, ಬೆಕ್ಕನ್ನ ಮಾತ್ರ ಒಪ್ಕೋಬೇಡ ಎಂದು ಪಿಸುಗುಟ್ಟಿ ಮುಂದೆ ಬಂದರು. ಕಾರಿನಲ್ಲಿ ಬೆಕ್ಕು ಬಂದಿದ್ದರೆ ಬೆಳಿಗ್ಗೆ ಕಾರು ಒಳಗೆ ತೆಗೆದುಕೊಂಡವರಿಗೆ ಕಾಣಲಿಲ್ಲವೇ? ಕಾಣಲಿಲ್ಲ ಎಂದರೆ ಕಾರನ್ನು ಸರಿಯಾಗಿ ನೋಡದೆ ತೆಗೆದುಕೊಂಡಿರಿ ಎಂದಾಯಿತು. ಕಂಡಿತು ಎಂದರೆ ಕಂಡೂ ಮಧ್ಯಾಹ್ನದ ತನಕ ಬೆಕ್ಕನ್ನು ಸೀಟಿನ ಮೇಲೆ ಬಿಟ್ಟಿರಿ ಎಂದಾಯಿತು. ಅದೆಲ್ಲ ಹಾಗಿರಲಿ, ಟೈರುಗಳ ಹಿಂದೆ ಒಂದು ತಟ್ಟೆಯಲ್ಲಿ ಹಾಲಿದೆಯಲ್ಲ, ಅದು ಯಾರಿಗೆ?

"ಅದು ವಾಚ್‌ಮನ್ ಟೀಗೆ ಇಟ್ಕೊಂಡಿರೋದು," ಎಂದ ಸೂಪರ್‌ವೈಸರ್.

"ತಟ್ಟೇಲಿ? ನೆಲದ ಮೇಲೆ?"

ಅಷ್ಟರಲ್ಲಿ ಕಾರು ಬಿಡಿಸಿಕೊಳ್ಳಲು ಬಂದಿದ್ದ ಹತ್ತಾರು ಜನ ಸುತ್ತ ನೆರೆದಿದ್ದರು. ತಮ್ಮ ತಮ್ಮ ಹಳೆಯ ಸಿಟ್ಟನ್ನೆಲ್ಲ ನೆನಪಿಸಿಕೊಂಡು ಅವರೂ ವಕೀಲರ ಪಕ್ಷ ಸೇರಿದರು. ಸೂಪರ್‌ವೈಸರ್ ಹಣೆ ಒರೆಸಿಕೊಂಡ. ಮಾಲೀಕರೂ ಊರಲ್ಲಿಲ್ಲ, ಅವರು ಬರುವುದರೊಳಗೆ ಗಲಾಟೆ ತಣ್ಣಗಾಗಲಿ ಎಂದು ಕೊನೆಗೂ ಸೋತ. ಹಿಂದಿನ ಸೀಟಿಗೆ ಅದೇ ಬಣ್ಣದ ಹೊಸ ಚರ್ಮ ಹಾಕಿಸಿಕೊಡುವುದಾಗಿ ಎಲ್ಲರೆದುರು ಒಪ್ಪಿಕೊಂಡ. ವಕೀಲರು ಮಡಿಸಿದ್ದ ತೋಳನ್ನು ಇಳಿಸಿದರು. ಕನ್ನಡಕದಣ್ಣನಿಗೆ ಹೋದ ಜೀವ ಬಂದ ಹಾಗಾಯಿತು.

ಆಗಲೇ ಅವನ ಫೋನು ಬಡಿದುಕೊಂಡದ್ದು. ಹೆಂಡತಿಯ ಧ್ವನಿ.

"ರೀ, ದೊರೆ ಕಾಣ್ತಾ ಇಲ್ಲ. ಬೀದಿಯೆಲ್ಲ ಹುಡುಕಿ ಆಯ್ತು. ಬೆಳಿಗ್ಗೆ ಕಾರಿನ ಬಾಗಿಲು ತೆಗೆದಿಟ್ಟು ಹೋಗಿದ್ರಲ್ಲ, ಅದರೊಳಗೇನಾದ್ರೂ ಸೇರ್ಕೊಂಡಿತ್ತಾ ನೋಡಿ. ಅಮ್ಮ ಮಧ್ಯಾಹ್ನದಿಂದ ಒಂದು ತುತ್ತು ತಿಂದಿಲ್ಲ."

ಅವನು ಮಾತಾಡುವ ಮುಂಚೆ ಫೋನು ಅತ್ತೆಯ ಕೈಗೆ ಹೋಯಿತು. ಅತ್ತೆಯವರಿಗೆ ಫೋನಿನಲ್ಲಿ ಜೋರಾಗಿ ಮಾತಾಡಿಯೇ ಅಭ್ಯಾಸ. ಇವತ್ತು ಮಾತ್ರ ದನಿಯೇ ಇರಲಿಲ್ಲ.

"ಅಳಿಯಂದ್ರೇ, ಬರೋವಾಗ ದಾರೀಲಿ ಸ್ವಲ್ಪ ಆ ಕಡೆ ಈ ಕಡೆ ನೋಡ್ಕೊಂಡು ಬನ್ನಿ. ಪಾಪ, ಅವರಿಗೆ ರಸ್ತೆ ದಾಟೋಕೆ ಬರಲ್ಲ."

ಕನ್ನಡಕದಣ್ಣ ಟೈರುಗಳ ಕಡೆ ನೋಡಿದ. ಬೂದು ಬಣ್ಣ. ಉದ್ದ ಬಾಲ. ಇನ್ನೇನು ಬೇಕು? ಬೆಳಿಗ್ಗೆ ಮ್ಯಾಟು ಕೊಡವಲು ಹೋದಾಗ ಅದು ಕಾಂಪೌಂಡಿನಿಂದ ಇಳಿದು ಸೀಟಿನಡಿ ಸೇರಿದ್ದು ಕಣ್ಣಿಗೆ ಕಟ್ಟಿದಂತೆ ಕಾಣಿಸಿತು. ಸೂಪರ್‌ವೈಸರ್ ಹೇಳಿದ್ದೇ ನಿಜ, ತಾನೇ ಸುಳ್ಳುಗಾರ. ಬೆಕ್ಕನ್ನು ಒಪ್ಪಿಕೊಂಡರೆ ಸೀಟು ಹೋಯಿತು. ಸೀಟು ಉಳಿಸಿಕೊಂಡರೆ ಅತ್ತೆಯ ಮುಖ ನೋಡುವುದು ಹೇಗೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಬಹಳ ಸಲ ಕೇಳಿದ್ದ. ಇಲಿಯ ಪಾಡು ಇವತ್ತು ಅರ್ಥವಾಯಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮೊದಲು ಒಂದು ಉಪಾಯ ಮಾಡಿ ನೋಡಿದ. ಪಾಪದ ಪ್ರಾಣಿ, ದಿಕ್ಕಿಲ್ಲದ್ದು, ನಾನೇ ಸಾಕಿಕೊಳ್ಳುತ್ತೇನೆ ಎಂದ. ಸೂಪರ್‌ವೈಸರನ ಕಿವಿ ನೆಟ್ಟಗಾಯಿತು.

"ಸೀಟು ಹರಿದ ಬೆಕ್ಕನ್ನ ಯಾರು ಸಾರ್ ಸಾಕ್ತಾರೆ? ನಿಮ್ದು ಅಂತ ಹೇಳಿ, ಈಗಲೇ ತಗೊಂಡು ಹೋಗಿ. ನಿಮ್ದಲ್ಲ ಅಂದ್ರೆ ಅದು ಇಲ್ಲೇ ಇರಲಿ, ಸಾಕ್ಷಿಗೆ."

ವಕೀಲರು ಹಿಂದಿನಿಂದ ಕನ್ನಡಕದಣ್ಣನ ಬೆನ್ನು ಚಿವುಟಿದರು. ಅವನು ಒಮ್ಮೆ ಸೀಟನ್ನು ನೋಡಿದ, ಒಮ್ಮೆ ಬಾಲವನ್ನು ನೋಡಿದ. ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಬಸ್ಸಿನಲ್ಲಿ ಊರಿಗೆ ಮರಳುವ ಚಿತ್ರ ಕಣ್ಣ ಮುಂದೆ ಬಂತು. ಅವನಿಂದ ತಡೆಯಲಾಗಲಿಲ್ಲ.

"ಬೆಕ್ಕು ನಮ್ಮದೇ," ಎಂದ. "ನಮ್ಮತ್ತೇದು."

ನೆರೆದವರು ಒಬ್ಬೊಬ್ಬರಾಗಿ ಕರಗಿದರು. ಸೂಪರ್‌ವೈಸರ್ ಹೊಸ ಚರ್ಮದ ಮಾತನ್ನು ಅಲ್ಲಿಗೇ ಬಿಟ್ಟು, ಬಲು ಉತ್ಸಾಹದಿಂದ ತಾನೇ ಬೆಕ್ಕನ್ನು ಹಿಡಿದು, ಬಿಡಿಭಾಗ ಬರುವ ರಟ್ಟಿನ ಪೆಟ್ಟಿಗೆಗೆ ಹಾಕಿ ಟೇಪು ಸುತ್ತಿಸಿದ. ಮೆಕ್ಯಾನಿಕ್ ಒಬ್ಬ ಏನೋ ಹೇಳಲು ಬಾಯಿ ತೆಗೆದ. ಸೂಪರ್‌ವೈಸರ್ ಕಣ್ಣು ಬಿಟ್ಟದ್ದು ಕಂಡು ಬಾಯಿ ಮುಚ್ಚಿಕೊಂಡ. ವಕೀಲರು ಜೀವಮಾನದಲ್ಲಿ ಗೆದ್ದು ಸೋತದ್ದು ಅದೇ ಮೊದಲು. ಕಾರು ಹತ್ತಲು ಕರೆದರೆ ತಿರುಗಿಯೂ ನೋಡದೆ ನಡೆದೇ ಹೊರಟರು.

ದಾರಿಯುದ್ದಕ್ಕೂ ಪೆಟ್ಟಿಗೆಯೊಳಗಿಂದ ಕೆರೆತ, ಪೆಟ್ಟಿಗೆಯ ಹೊರಗೆ ಸೀನು. ಕಿಟಕಿ ಇಳಿಸಿದರೂ ನಿಲ್ಲಲಿಲ್ಲ. ನಡುವೆ ಫೋನು ಮೂರ್ನಾಲ್ಕು ಸಲ ಬಡಿದುಕೊಂಡಿತು. ಸೀನುವುದೋ, ಸ್ಟೀರಿಂಗ್ ಹಿಡಿಯುವುದೋ, ಫೋನ್ ಎತ್ತುವುದೋ? ಹೇಗೂ ಸಿಹಿ ಸುದ್ದಿಯನ್ನೇ ತರುತ್ತಿದ್ದೇನಲ್ಲ ಎಂದು ಸುಮ್ಮನಾದ. ಸೀಟು ಹೋದ ಸಂಕಟದ ಮಧ್ಯೆಯೂ ಅವನ ಮನಸ್ಸು ಹಗುರವಾಗಿತ್ತು.

ಪೆಟ್ಟಿಗೆಯನ್ನು ಹೊತ್ತು ಗೇಟು ತೆರೆದರೆ, ಅತ್ತೆ ಜಗಲಿಯ ಮೇಲೆ ನಗುತ್ತಾ ಕೂತಿದ್ದಾರೆ. ಅವರ ತೊಡೆಯ ಮೇಲೆ ದೊರೆ ಕೂತಿದೆ.

"ಫೋನ್ ಯಾಕೆ ಎತ್ತಲಿಲ್ಲ?" ಎಂದಳು ಹೆಂಡತಿ. "ಬೆಳಿಗ್ಗೆ ನೀವು ಮೆಟ್ಟಿಲ ಕೆಳಗೆ ಎಸೆದಿದ್ರಲ್ಲ ಕಾರಿನ ಹೊದಿಕೆ, ಅದರ ಮಡಿಕೇಲಿ ಬೆಚ್ಚಗೆ ಮಲಗಿತ್ತು. ಇಡೀ ಬೀದಿ ಕೂಗಿದ್ರೂ ಅದಕ್ಕೆ ಎಚ್ಚರ ಇಲ್ಲ."

ಕನ್ನಡಕದಣ್ಣ ಪೆಟ್ಟಿಗೆಯನ್ನು ಕೆಳಗಿಟ್ಟ. ಅದು ಕೆರೆಯಿತು. ಹೆಂಡತಿ ಟೇಪು ಕಿತ್ತಳು. ಒಳಗಿಂದ ಗ್ರೀಸು ಮೆತ್ತಿದ ತಲೆಯೊಂದು ಹೊರಬಂತು. ಕುತ್ತಿಗೆಗೆ ಕೆಂಪು ವೈರಿನ ಪಟ್ಟಿ, ಅದಕ್ಕೆ ಗೆಜ್ಜೆಯ ಬದಲು ಪೋಣಿಸಿದ ಎರಡು ನಟ್ಟುಗಳು. ಗ್ಯಾರೇಜಿನಲ್ಲೇ ಹುಟ್ಟಿ ಬೆಳೆದದ್ದು ಎಂದು ಕುರುಡನಿಗೂ ತಿಳಿಯುವಂತಿತ್ತು. ಕನ್ನಡಕದಣ್ಣ ಮೆಟ್ಟಿಲ ಮೇಲೆ ಕುಸಿದು, ನಡೆದದ್ದನ್ನೆಲ್ಲ ಸೀನುತ್ತಾ ಹೇಳಿದ.

"ಅಲ್ಲ ಅಳಿಯಂದ್ರೇ," ಎಂದರು ಅತ್ತೆ, "ಬೆಳಿಗ್ಗೆ ಹೋಗೋವಾಗ ಕಾರಲ್ಲಿ ಸೀನಿದ್ರಾ?"

ಇಲ್ಲ. ಒಂದೇ ಒಂದು ಸಲ ಸೀನಿರಲಿಲ್ಲ. ಹಾಡು ಗುನುಗುತ್ತಾ ಹೋಗಿದ್ದ. ಊರಿಗೆಲ್ಲ ಕನ್ನಡಕ ಕೊಡುವವನಿಗೆ ಕಣ್ಣು ಕೈಕೊಟ್ಟಿತು ಎಂದರೆ ಅದೊಂದು ಮಾತು. ಮೂಗು ಹೇಳಿದ್ದಾದರೂ ಕೇಳಿಸಿಕೊಳ್ಳಬಾರದಿತ್ತೇ ಎಂದು ತನ್ನನ್ನು ತಾನೇ ಬೈದುಕೊಂಡ.

ಆದರೆ ಅವನ ಗ್ರಹಚಾರ ಅಷ್ಟೊಂದು ಕೆಟ್ಟಿರಲಿಲ್ಲವೋ ಏನೋ, ದೀಪ ಹಚ್ಚುವ ಹೊತ್ತಿಗೆ ಗ್ಯಾರೇಜಿನಿಂದ ಫೋನ್ ಬಂತು. ಸೂಪರ್‌ವೈಸರನ ಧ್ವನಿ ಬೆಣ್ಣೆಯಾಗಿತ್ತು. ಮಾಲೀಕರು ಊರಿಂದ ಬಂದಿದ್ದಾರೆ, ಬಂದವರೇ ಬೆಕ್ಕೆಲ್ಲಿ ಎಂದು ಕೇಳಿದ್ದಾರೆ. ಇಲಿಗಳು ಕಾರುಗಳ ವೈರು ಕಡಿಯದ ಹಾಗೆ ಕಾಯುತ್ತಿದ್ದದ್ದು ಅದೇ ಅಂತೆ. ತಪ್ಪು ತನ್ನ ತಲೆಯ ಮೇಲೆ ಬರುತ್ತದಲ್ಲ ಎಂದು ಸುಳ್ಳು ಹೇಳಿದನಂತೆ, ಹೊಟ್ಟೆಗೆ ಹಾಕಿಕೊಳ್ಳಬೇಕಂತೆ. ಬೆಕ್ಕನ್ನು ವಾಪಸು ತಂದುಕೊಟ್ಟರೆ ಹಿಂದಿನದಷ್ಟೇ ಏಕೆ, ಮುಂದಿನ ಸೀಟುಗಳಿಗೂ ಹೊಸ ಚರ್ಮ ಹಾಕಿಸಿಕೊಡಲು ಮಾಲೀಕರೇ ಹೇಳಿದ್ದಾರೆ.

ಕನ್ನಡಕದಣ್ಣ ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ಬಚ್ಚಲಿನ ಕಡೆ ಓಡಿದ. ಅಲ್ಲಿ ಅತ್ತೆ ಗ್ಯಾರೇಜಿನ ಬೆಕ್ಕಿಗೆ ಸೋಪು ಹಚ್ಚಿ ಸ್ನಾನ ಮಾಡಿಸಿ, ಟವೆಲ್ಲಿನಲ್ಲಿ ಸುತ್ತಿ ಒರೆಸುತ್ತಿದ್ದರು. ವೈರಿನ ಪಟ್ಟಿ ಹೋಗಿ ಕುತ್ತಿಗೆಯಲ್ಲಿ ರಿಬ್ಬನ್ನು ಬಂದಿತ್ತು. ದೊರೆ ಪಕ್ಕದಲ್ಲಿ ಕೂತು ಅದರ ಕಿವಿ ನೆಕ್ಕುತ್ತಿತ್ತು. ಅವನು ವಿಷಯ ಹೇಳಿದ. ಅತ್ತೆ ತಲೆಯೆತ್ತಿದಾಗ ಅವರ ಕಣ್ಣು ಒದ್ದೆಯಾಗಿತ್ತು.

"ನೀವು ಹೇಳಿದ್ದೆಲ್ಲ ಕೇಳಿಸ್ಕೊಂಡೆ. ಆ ಸೀಟಿನ ಮೇಲೆ ನಿಮಗೆ ಎಷ್ಟು ಆಸೆ ಅಂತ ನಾನೇನು ನೋಡಿಲ್ವಾ? ಅಂಥದ್ದನ್ನ ಈ ಮುದುಕಿಗೋಸ್ಕರ ಹತ್ತು ಜನರ ಮುಂದೆ ಬಿಟ್ಟುಕೊಟ್ರಿ. ನಿಮ್ಮ ಮಾವ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರೋ. ಇವರು ನೀವು ನನಗೆ ತಂದುಕೊಟ್ಟವರು. ಇವರನ್ನ ನಾನು ಯಾರಿಗೂ ಕೊಡಲ್ಲ. ಮಂತ್ರಿ ಅಂತ ಹೆಸರು ಇಟ್ಟಾಯ್ತು."

ಹಾಗಲ್ಲ ಅತ್ತೆ, ನಾನು ಅಷ್ಟು ಒಳ್ಳೆಯವನಲ್ಲ ಎಂದು ಯಾವ ಅಳಿಯ ತಾನೇ ಹೇಳಬಲ್ಲ? ಕನ್ನಡಕದಣ್ಣ ಕಣ್ಣೀರು ಒರೆಸಿಕೊಂಡ. ಅದರಲ್ಲಿ ಅರ್ಧ ಅತ್ತೆಯ ಮಾತಿಗೆ, ಇನ್ನರ್ಧ ಸೀಟಿಗೆ. ಫೋನಿನಲ್ಲಿ ಸೂಪರ್‌ವೈಸರ್ ಹಲೋ ಹಲೋ ಎನ್ನುತ್ತಲೇ ಇದ್ದ.

"ಬೆಕ್ಕು ನಮ್ಮದೇ ಅಂತ ಆಗಲೇ ಹೇಳಿದೆನಲ್ಲಪ್ಪ," ಎಂದು ಹೇಳಿ ಕನ್ನಡಕದಣ್ಣ ಫೋನ್ ಇಟ್ಟ.

ಇದನ್ನೆಲ್ಲ ಕಾಂಪೌಂಡಿನಾಚೆಯಿಂದ ಕೇಳಿಸಿಕೊಂಡ ವಕೀಲರು, ಒಪ್ಪಬಾರದಾಗ ಒಪ್ಪಿದ, ಈಗ ಕೊಡಬೇಕಾದಾಗ ಕೊಡುತ್ತಿಲ್ಲ ಎಂದು ಗೊಣಗಿ, ತಮ್ಮ ಮನೆಯ ಕಿಟಕಿಯನ್ನು ದಢಾರನೆ ಹಾಕಿಕೊಂಡರು.

ಅತ್ತೆ ಎರಡು ಬೆಕ್ಕುಗಳನ್ನೂ ಎತ್ತಿಕೊಂಡು ನಡುಮನೆಗೆ ಬಂದರು. ಬಾಗಿಲಲ್ಲಿ ಏನೋ ನೆನಪಾಗಿ ನಿಂತರು.

"ಅಳಿಯಂದ್ರೇ, ಭಾನುವಾರ ನಾನು ಊರಿಗೆ ಹೊರಡಬೇಕಲ್ಲ. ಇಬ್ಬಿಬ್ಬರನ್ನ ಬುಟ್ಟೀಲಿ ಇಟ್ಕೊಂಡು ಬಸ್ಸಲ್ಲಿ ಹೋಗೋದು ಕಷ್ಟ. ನೀವೇ ಕಾರಲ್ಲಿ ಬಿಟ್ಟುಬನ್ನಿ. ನಾನು ಮುಂದೆ ಕೂರ್ತೀನಿ, ಇವರಿಬ್ಬರನ್ನೂ ಹಿಂದೆ ಆರಾಮಾಗಿ ಬಿಟ್ಟರಾಯ್ತು. ಹೇಗೂ ಆ ಸೀಟು ಗೀರಿ ಹೋಗಿದೆಯಲ್ಲ."

ಕನ್ನಡಕದಣ್ಣ ಆಗಲಿ ಎನ್ನಲು ಬಾಯಿ ತೆಗೆದ. ಸೀನು ಬಂತು.